ಹನ್ನೊಂದರ ಅದಲುಬದಲು

ಯೊಯೆನ್ಸು ಊರಿನ ಮಾರುಕಟ್ಟೆ ಚೌಕದ ಹಿಂದೆ, ಹೊಳೆದಂಡೆಯ ಪಾರ್ಕಿಂಗ್ ಜಾಗದಲ್ಲಿ ಬಿಟ್ಟಿಯಾಗಿ ಗಾಡಿ ನಿಲ್ಲಿಸಬಹುದಿತ್ತು. ಆದರೆ ಎರಡೇ ಗಂಟೆ. ಪ್ರತಿ ಗಾಡಿಯಲ್ಲೂ ಇರುವ, ಗಡಿಯಾರದ ಮುಖದಂಥ ನೀಲಿ ಬಿಲ್ಲೆಯ ಮುಳ್ಳನ್ನು ಬಂದ ಹೊತ್ತಿಗೆ ತಿರುಗಿಸಿ, ಹೊರಗಿನವರಿಗೆ ಕಾಣುವಂತೆ ಮುಂದಿನ ಗಾಜಿನ ಹಿಂದೆ ಇಡಬೇಕು. ಎರಡು ಗಂಟೆ ಮುಗಿದ ಮೇಲೆ ಗಾಡಿ ಜಾಗ ಬದಲಿಸಲೇಬೇಕು. ನಿಂತಲ್ಲೇ ನಿಂತು ಮುಳ್ಳು ಮಾತ್ರ ಮುಂದಕ್ಕೆ ತಿರುಗಿಸಿದರೆ ಅದು ಮೋಸ. ಹಾಗೆ ಮಾಡುವವರು ಆ ಊರಿನಲ್ಲಿ ಇರಲಿಲ್ಲವೆಂದಲ್ಲ. ಇಲ್ಪೋ ಮಾತ್ರ ಅಂಥವನಲ್ಲ. ಸಿಟ್ಟುಬುರುಕ, ಬಾಯಿಬಡುಕ, ಮದುವೆಯಿಲ್ಲದೆ ಐವತ್ತು ದಾಟಿದ ಆಲೂಗಡ್ಡೆ ವ್ಯಾಪಾರಿ, ಎಲ್ಲವೂ ಹೌದು. ಮೋಸಗಾರ ಅಲ್ಲ.

ಚೌಕದಲ್ಲಿ ಅಂಗಡಿ ಹಾಕುವವರಿಗೆ ಈ ನಿಯಮ ದೊಡ್ಡ ತಲೆನೋವಾಗಿತ್ತು. ಬೆಳಿಗ್ಗೆ ಬಂದವರು ಮಧ್ಯಾಹ್ನದವರೆಗೆ ಇರಬೇಕು. ನಡುನಡುವೆ ಗಿರಾಕಿಗಳನ್ನು ಬಿಟ್ಟು ಓಡಿ ಗಾಡಿ ತೆಗೆದರೆ, ಆ ಜಾಗ ಕಣ್ಣು ಮಿಟುಕಿಸುವುದರೊಳಗೆ ಬೇರೆಯವರ ಪಾಲು. ಹಾಗೆ ಒಂದು ಸಲ ಇಲ್ಪೋನ ಜಾಗಕ್ಕೆ ಹಳದಿ ವ್ಯಾನೊಂದು ನುಗ್ಗಿತು. ಇಲ್ಪೋ ಇಳಿದು ಹೋಗಿ ಅದರ ಕಿಟಕಿ ಗುದ್ದಿದ. ಒಳಗಿದ್ದವಳು ಕಡುಬು ಮಾರುವ ಸಿರ್ಕ. ರೈ ಹಿಟ್ಟಿನ ತೆಳ್ಳನೆ ಹಾಳೆಯೊಳಗೆ ಹಾಲನ್ನ ತುಂಬಿ, ಅಂಚು ಚಿವುಟಿ, ಒಲೆಯಲ್ಲಿ ಸುಟ್ಟು, ಮೇಲೆ ಮೊಟ್ಟೆ ಕಲಸಿದ ಬೆಣ್ಣೆ ಸವರಿ ಕೊಡುವ ಕಡುಬು. ಗಂಡ ತೀರಿಕೊಂಡ ಮೇಲೆ ಆ ಕೆಲಸ ಹಿಡಿದವಳು. ಅವಳು ಇಲ್ಪೋನ ಬೈಗುಳವನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ಆಮೇಲೆ ಕಿಟಕಿ ಇಳಿಸಿದಳು.

"ಮುಗೀತಾ? ಅಷ್ಟು ಉಸಿರು ಖರ್ಚು ಮಾಡೋ ಬದಲು ಬುದ್ಧಿ ಖರ್ಚು ಮಾಡು. ನನಗೂ ಎರಡು ಗಂಟೆ, ನಿನಗೂ ಎರಡು ಗಂಟೆ. ನನ್ನ ಜಾಗಕ್ಕೆ ನೀನು ಬಾ, ನಿನ್ನ ಜಾಗಕ್ಕೆ ನಾನು ಬರ್ತೀನಿ. ಇಬ್ರೂ ಗಾಡಿ ಬದಲಾಯ್ಸಿದ ಹಾಗಾಯ್ತು. ಯಾರು ಕೇಳ್ತಾರೆ?"

ಯಾರೂ ಕೇಳಲಿಲ್ಲ. ತಪಾಸಣೆಯವನು ಕೂಡ ನೋಡಿ ನಕ್ಕು ಮುಂದೆ ಹೋದ. ಅಂದಿನಿಂದ ಇಬ್ಬರೂ ಬೀಗದ ಕೈ ಹಿಡಿದು ಒಂದೇ ಹೊತ್ತಿಗೆ ಬರುವುದು, ಗಾಡಿಗಳನ್ನು ಹೊರಗೆ ತೆಗೆಯುವುದು, ನಡುವಿನ ದಾರಿಯಲ್ಲಿ ಕಿಟಕಿಗೆ ಕಿಟಕಿ ಹತ್ತಿರವಾದಾಗ ಗಾಜು ಇಳಿಸಿ ಎರಡು ಮಾತಾಡುವುದು, ಆಮೇಲೆ ಅದಲುಬದಲು. ವರ್ಷಗಟ್ಟಲೆ ಹೀಗೇ ನಡೆಯಿತು. ಹನ್ನೊಂದು ಗಂಟೆಯ ಅದಲುಬದಲಿಗೆ ಮಾತ್ರ ಸಿರ್ಕ ಕಿಟಕಿಯಿಂದ ಕೈ ಚಾಚಿ, ಕಾಗದದಲ್ಲಿ ಸುತ್ತಿದ ಬಿಸಿ ಕಡುಬು ಕೊಡುತ್ತಿದ್ದಳು.

"ತಗೋ ಆಲೂಗಡ್ಡೆ ದೊರೆ. ಇವತ್ತು ಯಾರ ಮೇಲೆ ಕೂಗಾಡಿದ್ದು?"

"ಇನ್ನೂ ಯಾರೂ ಸಿಕ್ಕಿಲ್ಲ. ಉಪ್ಪು ಜಾಸ್ತಿ ಹಾಕಿದ್ದೀಯ."

"ತಿನ್ನೋಕ್ ಮುಂಚೆನೇ ಗೊತ್ತಾಯ್ತಾ ನಿಂಗೆ?"

ಇಷ್ಟೇ. ಇದಕ್ಕಿಂತ ಹೆಚ್ಚಿನ ಮಾತು ಆ ಕಿಟಕಿಗಳ ನಡುವೆ ಎಂದೂ ಹಾದುಹೋಗಲಿಲ್ಲ. ಚೌಕದಲ್ಲಿ ಅವಳ ಅಂಗಡಿ ಒಂದು ತುದಿಗೆ, ಇವನದು ಇನ್ನೊಂದು ತುದಿಗೆ. ನಡುವೆ ಹೂವಿನವರು, ಮೀನಿನವರು, ಉಣ್ಣೆ ಕಾಲುಚೀಲದವರು.

ಚಳಿಗಾಲದಲ್ಲಿ ಹಿಮ ಬೀಳುವಾಗ ಇಲ್ಪೋನಿಗೆ ಇನ್ನೊಂದು ಸುಖವಿತ್ತು. ಇಡೀ ದಂಡೆ ಬೆಳ್ಳಗಾಗಿರುತ್ತಿತ್ತು. ಸಿರ್ಕಳ ವ್ಯಾನು ನಿಂತಿದ್ದ ಕಡೆ ಮಾತ್ರ ವ್ಯಾನಿನಷ್ಟೇ ಉದ್ದ, ವ್ಯಾನಿನಷ್ಟೇ ಅಗಲದ ಕಪ್ಪು ನೆಲ ಒಣಗಿ ಉಳಿದಿರುತ್ತಿತ್ತು. ಇಲ್ಪೋ ತನ್ನ ಗಾಡಿಯನ್ನು ಆ ಕಪ್ಪಿನೊಳಗೆ ಅಂಚು ತಪ್ಪದಂತೆ ಹಿಮ್ಮುಖವಾಗಿ ತಂದು ನಿಲ್ಲಿಸುತ್ತಿದ್ದ. ಒಬ್ಬರು ಆಗಷ್ಟೇ ಎದ್ದುಹೋದ ಹಾಸಿಗೆಯಲ್ಲಿ ಬೆಚ್ಚಗೆ ಹೊರಳಿದಂತೆ ಇರುತ್ತಿತ್ತು ಅದು. ಅವನು ಇದನ್ನು ಯಾರಿಗೂ ಹೇಳಿದವನಲ್ಲ. ಎಂಜಿನ್ ಆರಿಸಿ, ಕಡುಬು ಮುಗಿಯುವವರೆಗೆ ಅಲ್ಲೇ ಕೂತಿರುತ್ತಿದ್ದ. ಅತ್ತ ಚೌಕದಲ್ಲಿ ಕಂಬಳಿ ಹೊದ್ದ ಆಲೂಗಡ್ಡೆಗಳು ಹೆಪ್ಪುಗಟ್ಟಿದರೆ ಗಟ್ಟಲಿ.

ಇಂಥ ನೆಮ್ಮದಿಗೆ ಕಲ್ಲು ಬಿದ್ದದ್ದು ಶರತ್ಕಾಲದಲ್ಲಿ. ದಂಡೆಯಲ್ಲಿ ಹೊಸ ಬೋರ್ಡು ನಿಂತಿತು. ಹೊಸ ವರ್ಷದಿಂದ ಬಿಲ್ಲೆಯ ಪದ್ಧತಿ ರದ್ದು. ಒಳಗೆ ಬರುವಾಗ, ಹೊರಗೆ ಹೋಗುವಾಗ ಕ್ಯಾಮೆರಾ ಗಾಡಿಯ ನಂಬರು ಓದುತ್ತದೆ. ಹಣ ಫೋನಿನಲ್ಲೇ ಕಟ್ಟಬೇಕು. ಚೌಕದ ವ್ಯಾಪಾರಿಗಳಿಗೆ ಮಾತ್ರ ದಿನವಿಡೀ ನಿಲ್ಲಿಸಲು ಖಾಯಂ ಜಾಗ. ತಿಂಡಿ ಮಾರುವವರಿಗೆ ಚೌಕದ ಕೆಳಗಿನ ನೆಲಮಾಳಿಗೆಯಲ್ಲಿ, ತರಕಾರಿಯವರಿಗೆ ಸೇತುವೆಯ ಆಚೆ ಬಯಲಿನಲ್ಲಿ.

ಚೌಕವೆಲ್ಲ ಹಿಗ್ಗಿತು. ಇಲ್ಪೋ ಒಬ್ಬನೇ ಕೆಂಡವಾದ. ಜನರ ಅಭಿಪ್ರಾಯ ಕೇಳಲು ನಗರಸಭೆಯವರು ಲೈಬ್ರರಿಯ ಹಾಲಿನಲ್ಲಿ ಸಭೆ ಕರೆದಾಗ, ಮೊದಲು ಎದ್ದು ನಿಂತವನೂ ಅವನೇ.

"ಇದು ತಲೆ ಇರೋರು ಮಾಡೋ ಕೆಲಸವಾ? ಚೆನ್ನಾಗಿ ನಡೀತಿರೋದನ್ನ ಕೆಡಿಸೋಕೆ ನಿಮಗೆ ಸಂಬಳ ಬೇರೆ ಕೊಡ್ತಾರಾ?"

ಇಂಜಿನಿಯರ್ ಹೆಂಗಸು ಒಳ್ಳೆಯವಳು. ಸಿಟ್ಟಾಗಲಿಲ್ಲ.

"ನೋಡಿ, ನಿಮಗೆ ದಿನವೆಲ್ಲ ಒಂದೇ ಜಾಗ ಸಿಗುತ್ತೆ. ಮಧ್ಯೆ ಮಧ್ಯೆ ಓಡಿಬರೋ ಕಷ್ಟ ಇಲ್ಲ. ಇದರಲ್ಲಿ ನಿಮಗೆ ಏನು ತೊಂದರೆ ಆಗುತ್ತೆ ಹೇಳಿ, ಬರ್ಕೋತೀನಿ."

ಇಲ್ಪೋ ಬಾಯಿ ತೆರೆದ. ಎರಡು ಸಾಲು ಹಿಂದೆ, ಬೂದು ಟೋಪಿ ಹಾಕಿಕೊಂಡು ಸಿರ್ಕ ಕೂತಿದ್ದಳು. ಇಲ್ಪೋನ ಬಾಯಿ ತೆರೆದೇ ಇತ್ತು.

"ಆಲೂಗಡ್ಡೆ," ಅಂದ ಕೊನೆಗೆ.

"ಆಲೂಗಡ್ಡೆಗೆ ಏನು?"

"ಹೆಪ್ಪುಗಟ್ಟುತ್ತೆ."

"ಈಗ ಗಟ್ಟಲ್ವಾ?"

ಸಭೆಗೆ ಸಭೆಯೇ ನಕ್ಕಿತು. ಕಾಫಿ ಗುಡಾರದ ಮುದುಕಿ ಎಯ್ಲ ಎಲ್ಲರಿಗಿಂತ ಜೋರಾಗಿ ನಕ್ಕಳು. "ಕೂತ್ಕೊಳ್ಳಯ್ಯ ಇಲ್ಪೋ, ನಿನ್ನ ತಲೆ ಬಿಸೀಲಿ ನಿನ್ನ ಆಲೂಗಡ್ಡೆ ಬೆಂದೇ ಹೋಗುತ್ತೆ!"

ಹೊರಗೆ ಮೆಟ್ಟಿಲ ಮೇಲೆ ಸಿರ್ಕ ಸಿಕ್ಕಳು.

"ಯಾಕೆ ಅಷ್ಟು ಕೂಗಾಡ್ದೆ?"

"ನಿಯಮ ಸರಿಯಿಲ್ಲ."

"ನಂಗೇನೋ ಒಳ್ಳೇದೇ ಆಯ್ತಪ್ಪ. ಈ ಮಂಡಿ ಇಟ್ಕೊಂಡು ಹಿಮದಲ್ಲಿ ಓಡೋದು ತಪ್ಪುತ್ತೆ."

ಹೇಳಿ ಅವಳು ಅಲ್ಲೇ ಸ್ವಲ್ಪ ಹೊತ್ತು ನಿಂತಳು. ಇಲ್ಪೋ ತನ್ನ ಬೂಟು ನೋಡುತ್ತಿದ್ದ. ತಲೆಯೆತ್ತುವ ಹೊತ್ತಿಗೆ ಅವಳು ಬಸ್ ನಿಲ್ದಾಣದ ಹತ್ತಿರ ಹೋಗಿಯಾಗಿತ್ತು.

ಮಂಡಿ. ಆ ಮಂಡಿಯ ಮಾತು ಇಡೀ ತಿಂಗಳು ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ತನಗೆ ಹಬ್ಬವಾಗಿದ್ದದ್ದು ಅವಳಿಗೆ ಮಂಡಿನೋವಾಗಿತ್ತು. ಮೂರ್ಖ, ಅಂದುಕೊಂಡ. ಗಾಡಿ ಬದಲಿಸುವುದನ್ನೇ ಸಂಸಾರ ಅಂದುಕೊಂಡ ಮೂರ್ಖ.

ಆದರೂ ವರ್ಷದ ಕೊನೆಯ ದಿನ ಒಂದು ಮಾತು ಸಿದ್ಧ ಮಾಡಿಕೊಂಡು ಬಂದಿದ್ದ. ಭಾನುವಾರ ನಮ್ಮ ಮನೆಗೆ ಕಾಫಿಗೆ ಬಾ. ಇಷ್ಟೇ ಮಾತು. ಹಿಂದಿನ ದಿನವೆಲ್ಲ ಆಲೂಗಡ್ಡೆ ಆರಿಸುತ್ತ ಹೇಳಿ ಹೇಳಿ ಬಾಯಿಪಾಠ ಮಾಡಿದ್ದ. ಹನ್ನೊಂದಕ್ಕೆ ದಪ್ಪ ಹಿಮ ಬೀಳುತ್ತಿತ್ತು. ಕಿಟಕಿಗೆ ಕಿಟಕಿ ಬಂತು. ಗಾಜು ಇಳಿಯಿತು. ಸಿರ್ಕಳ ಕೈ ಚಾಚಿತು. ಕಾಗದ ಬೆಚ್ಚಗಿತ್ತು. ಹಿಂದೆ ಯಾರೋ ಹಾರ್ನ್ ಹೊಡೆದರು.

"ಏನೋ ಹೇಳೋ ಹಾಗಿದ್ದೀಯ," ಅಂದಳು.

"ಉಪ್ಪು ಸ್ವಲ್ಪ ಜಾಸ್ತಿ ಆಗಿದೆ."

ಸಿರ್ಕ ಒಂದು ಕ್ಷಣ ಅವನನ್ನೇ ನೋಡಿದಳು. "ಹೌದಾ. ನಾಳೆಯಿಂದ ನಿಂಗೆ ಆ ಕಷ್ಟ ಇಲ್ಲ ಬಿಡು." ಗಾಜು ಏರಿತು.

ಅವನು ಅವಳು ಬಿಟ್ಟ ಕಪ್ಪು ಜಾಗಕ್ಕೆ ಹೋಗಿ ನಿಂತ. ಕಡುಬು ತಿನ್ನಲಿಲ್ಲ. ಹಾರ್ನ್ ಹೊಡೆದವನನ್ನು ಮನಸ್ಸಿನಲ್ಲೇ ಏಳು ತಲೆಮಾರಿನವರೆಗೆ ಬೈದ. ಬೈಯಬೇಕಾದವನು ಕನ್ನಡಿಯಲ್ಲೇ ಇದ್ದ.

ಹೊಸ ವರ್ಷ ಬಂತು. ಸೇತುವೆಯಾಚೆಯ ಬಯಲಿನಲ್ಲಿ ಇಲ್ಪೋನ ಗಾಡಿಗೆ ಒಳ್ಳೆಯ ಜಾಗ ಸಿಕ್ಕಿತು. ಬೆಳಿಗ್ಗೆ ನಿಲ್ಲಿಸಿದ್ದನ್ನು ಮಧ್ಯಾಹ್ನ ತೆಗೆದರೆ ಸಾಕು. ಆದರೆ ಹನ್ನೊಂದು ಗಂಟೆ ಸಮೀಪಿಸಿದರೆ ಅವನ ಕೈ ತಾನಾಗಿ ಜೇಬಿನ ಬೀಗದ ಕೈ ಹುಡುಕುತ್ತಿತ್ತು. ಮೊದಲ ದಿನ ಕೈಯನ್ನು ಗದರಿಸಿ ಜೇಬಿನಿಂದ ತೆಗೆದ. ಮರುದಿನ ಕಾಲುಗಳು ಸೇತುವೆ ದಾಟಿಬಿಟ್ಟಿದ್ದವು. ಗಾಡಿಯೊಳಗೆ ಕೂತು, ಸುಮ್ಮನೆ ಮರಳಲು ನಾಚಿಕೆಯಾಗಿ, ಎಂಜಿನ್ ಚಾಲು ಮಾಡಿ ಹೊರಗೆ ತೆಗೆದು, ಅದೇ ಜಾಗಕ್ಕೆ ಮತ್ತೆ ತಂದು ನಿಲ್ಲಿಸಿದ. ತನ್ನದೇ ಗಾಡಿಯ ಕಪ್ಪು ಗುರುತು. ಅದರಲ್ಲಿ ಯಾವ ಬಿಸುಪೂ ಇರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಚೌಕದ ಆ ತುದಿಗೆ ನಡೆದು ಕಡುಬಿನ ಸಾಲಿನಲ್ಲಿ ನಿಂತ. ಹಿಂದೆ ಮುಂದೆ ಜನ. ಅವನ ಸರದಿ ಬಂದಾಗ ಸಿರ್ಕ ಕೇಳಿದಳು:

"ಎಷ್ಟು ಬೇಕು?"

"ಒಂದು."

ಕೊಟ್ಟಳು. ಇಲ್ಪೋ ದುಡ್ಡು ಕೊಟ್ಟ. ಅವಳು ತೆಗೆದುಕೊಂಡಳು. ಇಷ್ಟು ವರ್ಷಗಳಲ್ಲಿ ಆ ಕಡುಬಿಗೆ ಅವನು ದುಡ್ಡು ಕೊಟ್ಟದ್ದು ಅದೇ ಮೊದಲು. ಚೌಕ ದಾಟುವಾಗ ಕೈಯಲ್ಲಿದ್ದ ಕಡುಬು ಯಾರದೋ ಎಂಬಂತಿತ್ತು. ಮತ್ತೆ ಆ ಸಾಲಿಗೆ ಹೋಗಲಿಲ್ಲ. ಆಲೂಗಡ್ಡೆ ಮಾರುತ್ತಲೇ, ಹೂವಿನವರ ಗುಡಾರದ ಮೇಲಿನಿಂದ ಬೂದು ಟೋಪಿ ಕಾಣುತ್ತದೆಯೇ ಎಂದು ಕತ್ತು ಉದ್ದ ಮಾಡುತ್ತಿದ್ದ. ಕಂಡ ದಿನ ಗಿರಾಕಿಗಳಿಗೆ ತೂಕ ಸ್ವಲ್ಪ ಹೆಚ್ಚಾಗುತ್ತಿತ್ತು. ಕಾಣದ ದಿನ ಬೈಗುಳ ಹೆಚ್ಚಾಗುತ್ತಿತ್ತು.

ಎಯ್ಲಳ ಕಣ್ಣಿಗೆ ಎಲ್ಲವೂ ಬೀಳುತ್ತಿತ್ತು. ಅವಳ ಕಾಫಿ ಗುಡಾರ ಚೌಕದ ನಟ್ಟನಡುವೆ.

"ದಿನಾ ಹನ್ನೊಂದಕ್ಕೆ ಎಲ್ಲಿಗಯ್ಯಾ ಸವಾರಿ?" ಅಂತ ಕಾಫಿ ಬಗ್ಗಿಸುತ್ತ ಕೇಳಿದಳು.

"ಗಾಡಿ ನೋಡ್ಕೊಂಡ್ ಬರೋಕೆ."

"ಅದೇನು ಹಸುವಾ, ನೋಡ್ಕೊಂಡ್ ಬರೋಕೆ?"

"ನಿನಗ್ಯಾಕೆ ಬೇಕು ಮುದುಕಿ? ಕಾಫಿ ಹಾಕು."

"ಬೈಯೋದಾದ್ರೆ ಬೈಯಿ, ನಿನ್ನ ಬೈಗುಳ ಯಾವ ಲೆಕ್ಕ. ನಂಗೆ ಅರ್ಥ ಆಗದೇ ಇರೋದು ಒಂದೇ. ಸಿರ್ಕನೂ ಹನ್ನೊಂದಕ್ಕೆ ಬೀಗದ ಕೈ ಹಿಡ್ಕೊಂಡು ಲಿಫ್ಟಲ್ಲಿ ಕೆಳಗೆ ಹೋಗ್ತಾಳೆ. ಕಡುಬು ಕಾಗದದಲ್ಲಿ ಸುತ್ಕೊಂಡು ಹೋಗ್ತಾಳೆ, ಅದನ್ನೇ ವಾಪಸ್ ತರ್ತಾಳೆ. ಮಂಡಿ ನೋವು ಅಂತಾಳಲ್ಲ, ಮತ್ಯಾಕೆ ಹೋಗ್ತಾಳೆ? ಊರಿಗೇ ಹುಚ್ಚು ಹಿಡಿದಿದೆ."

ಇಲ್ಪೋ ಕಾಫಿ ಅಲ್ಲೇ ಬಿಟ್ಟ.

ನೆಲಮಾಳಿಗೆಯಲ್ಲಿ ಹಗಲೂ ಇಲ್ಲ, ಹಿಮವೂ ಇಲ್ಲ. ದೀಪಗಳು ಎಲ್ಲ ಕಡೆ ಒಂದೇ ಸಮ ಉರಿಯುತ್ತಿದ್ದವು. ಸಿರ್ಕ ಬಂದು ಹೋಗಿಯಾಗಿತ್ತು. ಕಂಬದ ಪಕ್ಕದಲ್ಲಿ ಹಳದಿ ವ್ಯಾನು ಒಂಟಿಯಾಗಿ ನಿಂತಿತ್ತು. ಇಲ್ಪೋ ಸುತ್ತ ಒಂದು ಬಾರಿ ನೋಡಿ ಹತ್ತಿರ ಹೋದ. ಅಲ್ಲಿ ಯಾರೂ ಕೇಳದ, ಯಾವ ತಪಾಸಣೆಯವನೂ ನೋಡದ ನೀಲಿ ಬಿಲ್ಲೆಯನ್ನು ಅವಳು ಗಾಜಿನ ಹಿಂದೆ ಇಟ್ಟಿದ್ದಳು. ಮುಳ್ಳು ಹನ್ನೊಂದಕ್ಕೆ ತಿರುಗಿತ್ತು.

ಅವನು ಆ ಬಿಲ್ಲೆಯ ಮುಂದೆ ಎಷ್ಟು ಹೊತ್ತು ನಿಂತನೋ. ಆಮೇಲೆ ಸಿಟ್ಟು ಬಂತು. ಮಂಡಿ ಅಂತೆ ಮಂಡಿ! ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಇವಳಿಗೆ? ಹಾಗೆ ಬೈದುಕೊಂಡ ಮರುಕ್ಷಣವೇ ಉಪ್ಪಿನ ಮಾತು ನೆನಪಾಗಿ ತೆಪ್ಪಗಾದ. ಸಭೆಯ ದಿನ ಮೆಟ್ಟಿಲ ಮೇಲೆ ಅವಳು ನಿಂತೇ ಇದ್ದಳಲ್ಲ. ತಾನು ಬೂಟು ನೋಡುತ್ತಿದ್ದನಲ್ಲ.

ಸೇತುವೆ ದಾಟಿ ಹೋಗಿ ತನ್ನ ಗಾಡಿಯಿಂದ ಬಿಲ್ಲೆ ತಂದ. ಅದರ ಬೆನ್ನಿಗೆ ಬಿತ್ತನೆ ಆಲೂಗಡ್ಡೆ ಅಂಗಡಿಯ ಜಾಹೀರಾತಿತ್ತು. ಯಾರದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಮುಳ್ಳನ್ನು ಹನ್ನೊಂದಕ್ಕೆ ತಿರುಗಿಸಿ ಹಳದಿ ವ್ಯಾನಿನ ವೈಪರ್ ಕಡ್ಡಿಗೆ ಸಿಕ್ಕಿಸಿದ.

ಮರುದಿನ ಬೆಳಗಿನಿಂದಲೇ ಹಿಮ. ಹನ್ನೊಂದಾಗುತ್ತಿದ್ದಂತೆ ಇಲ್ಪೋ ಬಯಲಿನಲ್ಲಿ ಗಾಡಿಯನ್ನು ತನ್ನ ಜಾಗದಿಂದ ಹೊರಗೆ ತೆಗೆದು, ನಡುವಿನ ದಾರಿಯಲ್ಲಿ ನಿಲ್ಲಿಸಿ, ಕಿಟಕಿ ಇಳಿಸಿ ಕೂತ. ಪಕ್ಕದಲ್ಲಿ ಅವನ ಕಪ್ಪು ಜಾಗ ಖಾಲಿ. ಹಿಮ ಒಂದೊಂದೇ ಚಕ್ಕೆಯಾಗಿ ಅದರ ಮೇಲೆ ಬೀಳತೊಡಗಿತು. ಕೆಂಪು ಕಾರೊಂದು ಬಂದು ಅದರೊಳಗೆ ಮೂಗು ತೂರಿಸಿತು.

"ಅದಕ್ಕೆ ಜನ ಇದ್ದಾರೆ!" ಅಂತ ಇಲ್ಪೋ ಕೂಗಿದ.

"ಎಲ್ಲಿದ್ದಾರೆ? ನನಗೆ ಯಾರೂ ಕಾಣಲ್ಲ."

"ಬರ್ತಾರೆ. ಹೋಗಯ್ಯ ನೀನು."

ಕಾರು ಹೋಯಿತು. ಕಪ್ಪು ನೆಲ ಬೂದಾಯಿತು. ಬೂದು ಬಿಳುಪಿಗೆ ತಿರುಗುತ್ತಿತ್ತು. ಇಲ್ಪೋ ಸೇತುವೆಯ ಕಡೆಯಿಂದ ಕಣ್ಣು ಕೀಳಲಿಲ್ಲ. ಹಳದಿ ಬಣ್ಣ ಎಲ್ಲಿ ಕಂಡರೂ ಎದೆ ಎದ್ದು ಕೂರುತ್ತಿತ್ತು. ಅಂಚೆ ಪೆಟ್ಟಿಗೆ, ಯಾರದೋ ಮಳೆಯಂಗಿ. ವ್ಯಾನು ಬರಲಿಲ್ಲ. ಬರದಿದ್ದರೆ? ಬಿಲ್ಲೆಯನ್ನು ಕಿತ್ತು ಬಿಸಾಡಿದ್ದರೆ? ಅಂಚೆಲ್ಲ ಮುಚ್ಚಿಹೋಗಿ, ಜಾಗ ಯಾವುದೆಂದೇ ತಿಳಿಯದಂತೆ ಆದಾಗ ಅವನು ಗೇರಿಗೆ ಕೈ ಹಾಕಿದ.

ಸೇತುವೆಯ ಮೇಲೆ ಬೂದು ಟೋಪಿ ಕಂಡಿತು. ಕೈಕಂಬಿ ಹಿಡಿದುಕೊಂಡು, ಒಂದು ಕಾಲು ಸ್ವಲ್ಪ ಎಳೆಯುತ್ತ, ಸಿರ್ಕ ನಡೆದು ಬರುತ್ತಿದ್ದಳು. ಇನ್ನೊಂದು ಕೈಯಲ್ಲಿ ಕಾಗದದ ಪೊಟ್ಟಣ.

"ಗಾಡಿ ಎಲ್ಲಿ?" ಅಂತ ಇಲ್ಪೋ ಕೇಳಿದ. ಬೇರೇನೂ ಬಾಯಿಗೆ ಬರಲಿಲ್ಲ.

"ಅದನ್ನ ಈ ಕಡೆ ತರೋ ಹಾಗಿಲ್ವಲ್ಲ. ಹೊಸ ನಿಯಮ." ಅವಳು ಏದುಸಿರು ಬಿಡುತ್ತಿದ್ದಳು. "ನಿಂದು ಯಾಕೆ ದಾರೀಲಿದೆ?"

"ನಿಂಗೆ ಅಂತ ಜಾಗ ಬಿಟ್ಟಿದ್ದೆ."

"ನಾನು ಗಾಡಿ ಅಲ್ಲ ಕಣೋ." ಅವಳು ಕಿಟಕಿಯ ಹತ್ತಿರ ನಿಂತು, ಪೊಟ್ಟಣ ಚಾಚಿದವಳು ಹಾಗೇ ಹಿಂದೆಗೆದುಕೊಂಡಳು. ಗಾಡಿಯ ಮುಂದಿನಿಂದ ಸುತ್ತಿ ಬಂದು ಆ ಕಡೆಯ ಬಾಗಿಲು ತೆಗೆದಳು. ಸೀಟಿನ ಮೇಲಿದ್ದ ಖಾಲಿ ಚೀಲಗಳನ್ನು ಹಿಂದಕ್ಕೆ ಎಸೆದು, ಮಂಡಿ ಹಿಡಿದುಕೊಂಡು ಹತ್ತಿ ಕೂತಳು.

ಇಷ್ಟು ವರ್ಷ ಅವರ ನಡುವೆ ಎರಡು ಕಿಟಕಿಗಳಿದ್ದವು. ಈಗ ನಡುವೆ ಇದ್ದದ್ದು ಕಾಗದದ ಪೊಟ್ಟಣ ಮಾತ್ರ. ಗಾಡಿಯೊಳಗೆ ಬೆಣ್ಣೆಯ, ಒದ್ದೆ ಉಣ್ಣೆಯ ವಾಸನೆ. ಇಲ್ಪೋ ಬಾಯಿಪಾಠ ಮಾಡಿದ್ದ ಮಾತನ್ನು ಹುಡುಕಿದ. ಸಿಗಲಿಲ್ಲ. ಸಿರ್ಕ ಎದುರಿನ ಹಿಮ ನೋಡುತ್ತ ಕೂತಿದ್ದಳು. ಅವಳಿಗೂ ಅವಸರವಿದ್ದಂತೆ ಕಾಣಲಿಲ್ಲ.

ಹಿಂದೆ ಯಾರೋ ಹಾರ್ನ್ ಹೊಡೆದರು. ಮತ್ತೆ ಹೊಡೆದರು. ಇಲ್ಪೋ ಕಿಟಕಿಯ ಗಾಜು ಏರಿಸಿದ.