ಲೈನಿನಲ್ಲಿ ಬೇರೆ ಯಾರೋ

ಹೊರಚಿಲಕದ ಮೂರು ತಿರುಪು ಬಿಚ್ಚಿಕೊಂಡವು. ತುಕ್ಕು ಹಿಡಿದ ನಾಲ್ಕನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಗಳು ಚಾಕುವಿನ ತುದಿ ಒತ್ತಿ ತಿರುಗಿಸುತ್ತಲೇ ಇದ್ದಳು. ಬಾಗಿಲ ಆಚೆ, ಮಂಚದ ಮೇಲೆ, ತೊಂಬತ್ತೊಂದು ವರ್ಷದ ತಾಯಿಯ ಶವವಿತ್ತು.

"ಈಗ್ಯಾಕಕ್ಕಾ ಅದು?" ಎಂದ, ಬೆಳಗಿನ ಬಸ್ಸಿಗೆ ಬಂದಿಳಿದಿದ್ದ ತಮ್ಮ.

"ಜನ ಬರ್ತಾರೆ."

ತಮ್ಮ ಚಾಕು ತೆಗೆದುಕೊಂಡು ಚಿಲಕವನ್ನು ಮೀಟಿ ಕಿತ್ತ. ಬಾಗಿಲಲ್ಲಿ ನಾಲ್ಕು ತೂತು ಉಳಿದವು. ಶವವಾಹನ ಹನ್ನೊಂದಕ್ಕೆ ಬರುವುದಿತ್ತು. ದಾರಿ ತೋರಿಸಲು ಅವನು ಬೀದಿಗೆ ಹೋದ.

* * *

ತಾಯಿ ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಎಂಬತ್ತೈದು ದಾಟಿದ ಮೇಲೆ ಒಂದೊಂದೇ ಮರೆತಳು: ಉರಿಯುವ ಒಲೆ, ಮನೆಯ ಬೀದಿ, ಗಂಡ ಸತ್ತದ್ದು. ನಾಲ್ಕು ವರ್ಷದ ಹಿಂದೆ ಮಗಳ ಮುಖವೂ ಹೋಯಿತು. ಹೋಗದೆ ಉಳಿದದ್ದು ಮಗಳ ಫೋನ್ ನಂಬರಿನ ಹತ್ತು ಅಂಕಿ. ಊಟ ಹಾಕಿ, ಮೈ ತೊಳೆಸಿ, ಹೊರಗಿನಿಂದ ಚಿಲಕ ಹಾಕುವ ಹೆಂಗಸು ಯಾರೋ ಸಂಬಳದವಳೆಂದು ನಂಬಿದ ತಾಯಿ, ದಿನವೂ ಮಧ್ಯಾಹ್ನ ಮಂಚದ ಪಕ್ಕದ ಫೋನಿನಿಂದ ಮಗಳಿಗೆ ದೂರು ಹೇಳುತ್ತಿದ್ದಳು. ಅಡುಗೆಮನೆಯಲ್ಲಿ ಮೊಬೈಲ್ ಬಡಿದುಕೊಳ್ಳುತ್ತಿತ್ತು. ಮಗಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಎತ್ತುತ್ತಿದ್ದಳು.

"ಇವಳು ನನ್ನ ಕೂಡಿಹಾಕ್ತಾಳೆ ಕಣೇ. ಬಂದು ಕರ್ಕೊಂಡ್ಹೋಗು."

"ಭಾನುವಾರ ಬರ್ತೀನಮ್ಮ."

ಆ ಹತ್ತು ನಿಮಿಷ ತಾಯಿ ಅವಳನ್ನು ಪುಟ್ಟಿ ಎನ್ನುತ್ತಿದ್ದಳು, ಊಟ ಆಯಿತೇ ಎಂದು ವಿಚಾರಿಸುತ್ತಿದ್ದಳು. ದಿನದ ಉಳಿದ ಹೊತ್ತನ್ನು ಮಗಳು ಅದರ ಬಲದಿಂದಲೇ ತಳ್ಳುತ್ತಿದ್ದಳು.

ಹನ್ನೊಂದು ದಿನದ ಹಿಂದೆ, ಸ್ನಾನ ಮಾಡಿಸುವಾಗ, ತಾಯಿ ಅವಳ ಮುಂಗೈ ಕಚ್ಚಿದಳು. ಮಧ್ಯಾಹ್ನ ಫೋನ್ ಬಂತು. ಅರವತ್ತನಾಲ್ಕರ ಮಗಳಿಗೆ ಸಾಕಾಗಿತ್ತು. ಮೊಬೈಲನ್ನು ಕಿವಿಗಿಟ್ಟುಕೊಂಡೇ ಚಿಲಕ ತೆಗೆದು ಎದುರು ನಿಂತಳು.

"ಇಲ್ನೋಡಮ್ಮ. ನಾನೇ. ಇಷ್ಟು ದಿನಾನೂ ನಾನೇ ಕಣಮ್ಮ."

ತಾಯಿ ಅವಳ ತುಟಿ ನೋಡಿದಳು. ಅದೇ ಮಾತು ರಿಸೀವರಿನಲ್ಲೂ ಕೇಳಿತು. ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು: "ಪುಟ್ಟಿ, ಲೈನಲ್ಲಿ ಬೇರೆ ಯಾರೋ ಇದ್ದಾರೆ. ಇಡ್ತೀನಿ."

ಮತ್ತೆ ಆ ನಂಬರು ಒತ್ತಲಿಲ್ಲ.

* * *

ಹತ್ತು ಗಂಟೆಗೆ ಟ್ರಂಕಮ್ಮ ಬಂದರು. ಎಕ್ಸ್‌ಚೇಂಜಿನಲ್ಲಿ ತಾಯಿಯ ಪಕ್ಕದ ಕುರ್ಚಿಯವರು. ದೂರದೂರಿನ ಟ್ರಂಕ್ ಕಾಲ್ ಜೋಡಿಸಿ ಜೋಡಿಸಿ ಆ ಹೆಸರೇ ನಿಂತಿತ್ತು. ಈಗ ಎಂಬತ್ತಾರು, ಕಣ್ಣು ಮಂಜು. ಈ ಮಗಳನ್ನು ಅವರು ಕೊನೆಯ ಸಲ ಕಂಡದ್ದು ಶಾಲೆಯ ಚೀಲದೊಂದಿಗೆ. ಒಳಗೆ ಬರುತ್ತ ಬಾಗಿಲಿನ ತೂತುಗಳ ಮೇಲೆ ಬೆರಳಾಡಿಸಿದರು.

"ನೋಡ್ಕೊಳ್ತಿದ್ದೋಳು ನೀನೇನಮ್ಮ?"

"ಹೌದು."

ತಾವು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದುದನ್ನು ಟ್ರಂಕಮ್ಮ ಹೇಳಿದರು. ಮಂತ್ರಿಗೆ ಹೋಗಬೇಕಾದ ಕರೆಯನ್ನು ಮಟನ್ ಅಂಗಡಿಗೆ ಕೊಟ್ಟವಳು ತಾನೇ ಹೊರತು, ಇವಳು ಒಂದು ದಿನವೂ ತಪ್ಪು ನಂಬರು ಜೋಡಿಸಿದವಳಲ್ಲ ಎಂದರು. ಅವರ ನಗು ನಿಲ್ಲುವವರೆಗೆ ಮಗಳು ಕಾದಳು.

"ಕೊನೇಲಿ ಮಗಳ ಬಗ್ಗೆ ಏನಾದ್ರೂ ಅಂದ್ರಾ?"

"ಪುಟ್ಟಿ ಬಾಗಿಲ ತನಕ ಬಂದಿದ್ಲು, ಈ ಹೆಂಗಸೇ ವಾಪಸ್ ಕಳಿಸ್ಬಿಟ್ಲು ಅಂತ ಅತ್ತಳು. ಕಳಿಸಿದ್ಯಾ?"

ಮಗಳು ಹಾಸಿಗೆಯತ್ತ ನೋಡಿದಳು. "ಹೌದಮ್ಮ."

"ಎಂಥ ಕಟುಕಿಯಮ್ಮ ನೀನು. ಇವತ್ತಾದ್ರೂ ಒಳಗೆ ಬಿಡ್ತೀಯಾ ಅವಳನ್ನ?"

ಟ್ರಂಕಮ್ಮ ತಲೆದೆಸೆಯಲ್ಲಿ ಕುರ್ಚಿ ಎಳೆದು ಕೂತರು. ಪಕ್ಕದ ಕುರ್ಚಿಯ ಮೇಲೆ ತಮ್ಮ ಚೀಲ ಇಟ್ಟರು. ಆಮೇಲೆ ಬಂದ ಪಕ್ಕದ ಮನೆಯಾಕೆ ಅಲ್ಲಿ ಕೂರಲು ಹೋದಾಗ, ಅದು ಮಗಳಿಗೆ ಎಂದು ತಡೆದರು. ಆಕೆ ಏನೋ ಹೇಳಲು ಬಾಯಿ ತೆರೆದಳು. ಮಗಳು ಕಣ್ಣಲ್ಲೇ ಬೇಡ ಎಂದಳು.

ಜನ ತುಂಬಿಕೊಂಡರು. ಕೂರಲು ಜಾಗವಿಲ್ಲದವರು ಗೋಡೆಯುದ್ದಕ್ಕೂ ನಿಂತರು. ಮಗಳೂ ಅವರ ಸಾಲಿನಲ್ಲೇ, ಎಲ್ಲರಿಗಿಂತ ಹಿಂದೆ, ಕೈ ಕಟ್ಟಿಕೊಂಡು ನಿಂತಿದ್ದಳು. ಯಾರ ಹೆಜ್ಜೆ ಸದ್ದಾದರೂ ಟ್ರಂಕಮ್ಮ ಚೀಲ ಎತ್ತಿಕೊಂಡು ಬಾಗಿಲ ಕಡೆ ತಿರುಗುತ್ತಿದ್ದರು. ಮತ್ತೆ ಅಲ್ಲೇ ಇಡುತ್ತಿದ್ದರು.