ಏಳು ನಿಮಿಷದ ಆಜಿ

“ಅಲ್ಲಿ ಸ್ವಲ್ಪ ನಿಲ್ಲು,” ಎಂದರು ಸರಂಜಾಮೆ ಸರ್. “ದೋಣಿಯವನು ಕೇಳ್ತಾನೆ, ಒಳಗೆ ಇನ್ನೂ ಯಾರಾದ್ರೂ ಇದಾರಾ ಅಂತ. ತಕ್ಷಣ ಉತ್ತರ ಕೊಡಬೇಡ. ಮನಸ್ಸಿನಲ್ಲೇ ಮೂರು ಎಣಿಸು. ಆಮೇಲೆ ಇಲ್ಲ ಅನ್ನು. ಮೆತ್ತಗೆ.”

ಇರಾ ಸರನೋಬತ ವೇದಿಕೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಂತು ಮೂರು ಎಣಿಸಿದಳು. “ಇಲ್ಲ,” ಎಂದಳು. ಕೆಳಗೆ ಕುಳಿತಿದ್ದ ಹುಡುಗಿಯೊಬ್ಬಳು ದುಪಟ್ಟಾದಲ್ಲಿ ಮೂಗು ಒರೆಸಿಕೊಂಡಳು. ಸರ್‌ಗೆ ಖುಷಿಯಾಯಿತು.

ವೇದಿಕೆಯ ಮೂಲೆಯಲ್ಲಿ ಮಂಡಿಯೂರಿ, ಹಲಗೆಯ ಮೇಲೆ ಜೇಡಿಮಣ್ಣು ಮೆತ್ತುತ್ತಿದ್ದ ಕಿಶೋರಿ ನಿಗವೇಕರ ತಲೆ ಎತ್ತಲಿಲ್ಲ. ಅವಳು ಆ ದಿನ ಮೂರು ಎಣಿಸಿರಲಿಲ್ಲ. ದೋಣಿಯವನು ಕೇಳಿ ಮುಗಿಸುವ ಮೊದಲೇ ಇಲ್ಲ ಅಂದಿದ್ದಳು.

ಕೊಲ್ಹಾಪುರದ ಆ ಕಲಾಶಾಲೆಯಲ್ಲಿ, ಹತ್ತನೆಯ ತರಗತಿ ಮುಗಿಸಿ ಬಂದ ಮೊದಲ ವರ್ಷದವರಿಗೆ ಪ್ರತಿ ಫೆಬ್ರುವರಿಯಲ್ಲೂ ಇದೊಂದು ಹಬ್ಬ. ಆರು ಜನ ವೇದಿಕೆ ಹತ್ತಿ, ತಲಾ ಏಳು ನಿಮಿಷ, ತಮ್ಮ ಬದುಕಿನ ಕಥೆ ಹೇಳಬೇಕು. ತಂದೆತಾಯಿ, ಪತ್ರಿಕೆಯವರು, ಊರಿನ ನಾಲ್ಕು ದೊಡ್ಡ ಮನುಷ್ಯರು ಬಂದು ಕೂತು ಕೇಳುತ್ತಾರೆ. ತರಬೇತಿ ಕೊಡಲು ಪುಣೆಯಿಂದ ಬರುತ್ತಿದ್ದ ಸರಂಜಾಮೆ ಸರ್‌ಗೆ ಸುಖವಾಗಿ ಬೆಳೆದ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ. “ನಿನಗೆ ಏನೂ ಆಗೇ ಇಲ್ವಾ?” ಎಂದು ಒಬ್ಬ ಹುಡುಗನನ್ನು ಕೇಳಿದ್ದರು. ಅವನು ತಬ್ಬಿಬ್ಬಾಗಿ, ಸತ್ತುಹೋದ ತನ್ನ ನಾಯಿಯನ್ನು ನೆನಪಿಸಿಕೊಂಡಾಗ “ಅಷ್ಟೇನಾ?” ಎಂದು ಮುಂದಿನವನ ಕಡೆ ತಿರುಗಿದ್ದರು.

ಅವರದೊಂದು ಅಭ್ಯಾಸವಿತ್ತು. ಇಬ್ಬಿಬ್ಬರು ಬೆನ್ನಿಗೆ ಬೆನ್ನು ತಾಗಿಸಿ ಕೂರಬೇಕು. ಯಾರಿಗೂ ಹೇಳದ್ದನ್ನು ಒಬ್ಬರಿಗೊಬ್ಬರು ಹೇಳಬೇಕು. ಆಮೇಲೆ ಎದ್ದು ನಿಂತು, ಜೊತೆಯವರ ಕಥೆಯನ್ನು ‘ನಾನು’ ಎಂದೇ ಹೇಳಬೇಕು. ಇದರಿಂದ ಕರುಣೆ ಬೆಳೆಯುತ್ತದೆಯಂತೆ. ಕಿಶೋರಿಯ ಬೆನ್ನಿಗೆ ಬಂದವಳು ಇರಾ. ಮುಖ ಕಾಣದಿದ್ದುದಕ್ಕೋ, ಬೆಚ್ಚಗಿನ ಬೆನ್ನೊಂದು ಒರಗಲು ಸಿಕ್ಕಿದ್ದಕ್ಕೋ, ಐದು ವರ್ಷ ಬಾಯಿಗೆ ಬಾರದ ಮಾತು ಅವತ್ತು ಬಂದುಬಿಟ್ಟಿತು.

ಆಗ ಅವಳಿಗೆ ಹನ್ನೊಂದು. ಪಂಚಗಂಗೆ ಉಕ್ಕಿ ಕುಂಬಾರ ಗಲ್ಲಿಗೆ ನುಗ್ಗಿದ್ದಳು. ಚೌತಿಗೆಂದು ಮಾಡಿಟ್ಟ ಗಣಪತಿಗಳೆಲ್ಲ ಕರಗಿ ಮನೆಯೊಳಗೆಲ್ಲ ರಾಡಿ. ಅಪ್ಪ ದತ್ತೋಬಾ ಅಚ್ಚುಗಳನ್ನು ಸಾಗಿಸಲು ಹೋಗಿ ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದ. ತಮ್ಮನನ್ನು ಎತ್ತಿಕೊಂಡು ಅಮ್ಮ ಬೆಳಗಿನ ದೋಣಿಯಲ್ಲಿ ಹೋಗಿದ್ದಳು. ಉಳಿದವರು ಇಬ್ಬರು, ಕಿಶೋರಿ ಮತ್ತು ಅಟ್ಟದ ಮೇಲೆ ಮಲಗಿದ್ದ, ಕಾಲು ಬಾರದ ಆಜಿ, ಅಪ್ಪನ ತಾಯಿ. ಮಧ್ಯಾಹ್ನ ಸಖಾರಾಮ ಭೋಯಿಯ ದೋಣಿ ಕಿಟಕಿಗೆ ಬಂದು ತಾಗಿದಾಗ ಅದು ಆಗಲೇ ತುಂಬಿತ್ತು. ಆಜಿಯನ್ನು ಇಳಿಸಬೇಕೆಂದರೆ ಇಬ್ಬರು ಗಂಡಸರು ಬೇಕು, ಹೊತ್ತು ಬೇಕು, ಅಷ್ಟರಲ್ಲಿ ದೋಣಿ ಹೊರಟುಬಿಟ್ಟರೆ ಎಂದು ಮಗು ಹೆದರಿತು. ಒಳಗೆ ಯಾರೂ ಇಲ್ಲ ಎಂದಿತು. ಸಂಜೆಗೆ ಸೆಳೆತ ಹೆಚ್ಚಾಗಿ ದೋಣಿಗಳು ನಿಂತವು. ಮೂರನೆಯ ದಿನ ನೀರು ಇಳಿದ ಮೇಲೆ ಉಸಿರಿಲ್ಲದ ಆಜಿಯನ್ನು ಅಟ್ಟದಿಂದ ಇಳಿಸಿದರು.

ಅಮ್ಮ ಕೇಳಿದಾಗ, ದೋಣಿಯವನೇ ಆಜಿಯನ್ನು ಬೇಡವೆಂದ ಎಂದು ಕಿಶೋರಿ ಹೇಳಿದ್ದಳು. ಮುಗಿಯಿತು. ದತ್ತೋಬಾ ಮೂವತ್ತು ಜನರೆದುರು ಸಖಾರಾಮನಿಗೆ ಚಪ್ಪಲಿಯಲ್ಲಿ ಹೊಡೆದ. “ಹುಡುಗೀನ್ನ ಕೇಳ್ರಪ್ಪಾ, ಅಕೀನs ಇಲ್ಲ ಅಂದ್ಲು” ಎಂದು ಅವನು ಬಡಕೊಂಡರೂ ಯಾರೂ ನಂಬಲಿಲ್ಲ. ಅವನ ಹೆಂಡತಿ ಹೌಸಾಬಾಯಿ ಮನೆ ಬಾಗಿಲಿಗೆ ಬಂದು ಸೆರಗೊಡ್ಡಿ, “ಒಂದ್ ಮಾತು ಖರೇ ಹೇಳವ್ವಾ ಮಗಳ” ಎಂದು ಬೇಡಿದಳು. ಕಿಶೋರಿ ಅಮ್ಮನ ಹಿಂದೆ ಅವಿತುಕೊಂಡಳು. ಅಂದಿನಿಂದ ಸಖಾರಾಮನ ಹೆಸರು ಮುದುಕಿ ಬಿಟ್ಟವ ಎಂದಾಯಿತು. ಗಣಪತಿ ವಿಸರ್ಜನೆಗೆ ಅವನ ದೋಣಿಯನ್ನು ಕರೆಯುವವರಿಲ್ಲದೆ ಅದನ್ನು ಮಾರಿ, ರಂಕಾಳಾ ಕೆರೆಯ ದಂಡೆಯಲ್ಲಿ ಮೆಕ್ಕೆಜೋಳದ ತೆನೆ ಸುಟ್ಟು ಮಾರುತ್ತಿದ್ದ.

ಇಷ್ಟನ್ನೂ ಇರಾ ಎದ್ದು ನಿಂತು ‘ನಾನು’ ಎಂದು ಹೇಳಿದಾಗ ಸರಂಜಾಮೆ ಸರ್ ಕನ್ನಡಕ ತೆಗೆದು ಒರೆಸಿದರು. ಸಂಜೆ ಇಬ್ಬರನ್ನೂ ಕರೆದರು.

“ಕಥೆ ನಿಂದು, ಒಪ್ಪಿದೆ,” ಎಂದು ಕಿಶೋರಿಗೆ ಹೇಳಿದರು. “ಆದರೆ ನೀನು ಹೇಳಿದರೆ ಮೂರನೇ ಸಾಲಿಗೂ ಕೇಳಲ್ಲ. ಇರಾ ಹೇಳಿದರೆ ಊರೇ ಕೇಳುತ್ತೆ. ನಿನಗೆ ಹೇಳಿಕೊಳ್ಳೋದು ಮುಖ್ಯವೋ, ಜನರಿಗೆ ತಲುಪೋದು ಮುಖ್ಯವೋ?”

“ನಾನು ಅಭ್ಯಾಸ ಮಾಡ್ತೀನಿ ಸರ್.”

“ಮೂರು ವಾರದಲ್ಲಿ ಗಂಟಲು ಬದಲಾಗಲ್ಲಮ್ಮಾ. ನಿನ್ನ ಕೈ ಚೆನ್ನಾಗಿದೆ. ಹಿಂದಿನ ಪರದೆಗೆ ಮಣ್ಣಿನ ದೊಡ್ಡ ಫಲಕ ಮಾಡು. ಅಲೆಗಳು, ಒಂದು ದೋಣಿ. ಅದೂ ಕಥೆ ಹೇಳಿದ ಹಾಗೇ.”

ಇರಾ ಅವಳ ಭುಜ ಹಿಡಿದು, “ನಿಂಗೆ ಬೇಜಾರಾದ್ರೆ ನಾನು ಮಾಡಲ್ಲ ಕಣೇ, ಆಣೆ,” ಎಂದಳು. ಬೇಜಾರಾಗಿದೆ ಎನ್ನಲು ಅವಳು ಜಾಗ ಬಿಟ್ಟಿದ್ದರೆ ತಾನೆ. ಕಿಶೋರಿ ಹೂಂ ಎಂದಳು.

ಹೂಂ ಎಂದದ್ದಕ್ಕೆ ಅವಳದೇ ಒಂದು ಲೆಕ್ಕಾಚಾರವಿತ್ತು. ತನ್ನ ಬಾಯಿಂದ ಅಪ್ಪನಿಗೆ ಇದನ್ನು ಹೇಳುವುದು ಈ ಜನ್ಮದಲ್ಲಿ ಆಗದು. ಇರಾ ಹೇಳಲಿ. ಅಪ್ಪ ಕೂತು ಕೇಳಲಿ. ಅಟ್ಟ, ಕಿಟಕಿ, ದೋಣಿ ಎಂದ ಕೂಡಲೇ ಅವನಿಗೆ ತಿಳಿಯುತ್ತದೆ. ಆಮೇಲೆ ಹೊಡೆಯಲಿ, ಮನೆಯಿಂದ ಹೊರಗೆ ಹಾಕಲಿ, ಮುಚ್ಚಿಟ್ಟುಕೊಂಡು ಉಣ್ಣುವುದಾದರೂ ತಪ್ಪುತ್ತದೆ. ಮೂರು ವಾರ ಅವಳು ಇದೊಂದೇ ಆಸೆಯಲ್ಲಿ ಮಣ್ಣು ಮೆತ್ತಿದಳು. ಕೊನೆಯ ಎರಡು ದಿನ ಒಲೆಯ ಹತ್ತಿರವೇ ಕೂತು ಫಲಕದ ತುಂಡುಗಳನ್ನು ಗಟ್ಟಿಯಾಗಲೆಂದು ಸುಟ್ಟಿದ್ದರಿಂದ ತಾಲೀಮಿಗೂ ಹೋಗಲಾಗಲಿಲ್ಲ.

“ಭಾಷಣ ಕೇಳಾಕ ನಾ ಯಾಕs?” ಎಂದ ದತ್ತೋಬಾ. “ನೀ ಏನ್ ಮಾತಾಡೂದಿಲ್ಲಲ್ಲ.”

“ಫಲಕ ನಂದು ಬಾಬಾ. ನೀ ಬರಬೇಕು.”

“ಕುಂಬಾರನ ಮಗಳು ಮಣ್ಣ ಮೆತ್ತಿದ್ರ ಅದೇನ್ ದೊಡ್ಡ ಸುದ್ದಿ,” ಎಂದು ನಕ್ಕ. ಆದರೂ ಶನಿವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆದುಕೊಂಡು, ಎಲ್ಲರಿಗಿಂತ ಮೊದಲೇ ಬಂದು ಎರಡನೆಯ ಸಾಲಿನಲ್ಲಿ ಕುಳಿತ.

ಇರಾ ಐದನೆಯವಳಾಗಿ ಬಂದಳು. ಕಾಟನ್ ಸೀರೆ ಉಟ್ಟಿದ್ದಳು. ಶಿರೋಳದ ಕಡೆಯ ತೋಟದ ಮನೆ, ರಜೆಗೆ ಹೋಗಿದ್ದ ತಾನು, ಏರಿದ ನೀರು, ಅಟ್ಟದ ಮೇಲಿನ ಆಜಿ, ಎಲ್ಲವನ್ನೂ ತನ್ನದಾಗಿಸಿ ಹೇಳಿದಳು. ಪರದೆಯ ಪಕ್ಕದಲ್ಲಿ ನಿಂತ ಕಿಶೋರಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ದೋಣಿಯವನು ಕೇಳಿದ. ಇರಾ ಮೂರು ಎಣಿಸಿದಳು. “ಇಲ್ಲ,” ಎಂದಳು. ದತ್ತೋಬಾ ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದ. ತಿಳಿಯಿತು ಅವನಿಗೆ, ಎಂದುಕೊಂಡಳು ಕಿಶೋರಿ.

“ದೋಣಿ ಹತ್ತು ಮಾರು ಹೋಗಿರಬಹುದು,” ಎಂದಳು ಇರಾ. “ನಾನು ಕೂಗಿದೆ. ನಿಲ್ಸಿ, ನಾನು ಸುಳ್ಳು ಹೇಳಿದೆ, ನಮ್ಮಾಜಿ ಒಳಗಿದಾಳೆ. ದೋಣಿ ತಿರುಗಿತು. ಆಜಿನ ಹೊತ್ಕೊಂಡು ಬಂದ್ರು. ಅವಳು ನನ್ನ ತಲೆ ಸವರಿ ಹೇಳಿದ್ದು ಒಂದೇ ಮಾತು. ಹೆದರಿದ್ದೆ ಅಲ್ವಾ ಮಗಾ. ಇವತ್ತು ಅವಳು ಇಲ್ಲೇ ಇದಾಳೆ.” ಮೊದಲ ಸಾಲಿನಲ್ಲಿ ರೇಷ್ಮೆ ಉಟ್ಟ ಮುದುಕಿಯೊಬ್ಬಳು, ಇರಾಳ ಸ್ವಂತ ಆಜಿ, ಎದ್ದು ಕೈಮುಗಿದಳು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ದತ್ತೋಬಾನೂ ಎದ್ದ. ಅವನ ಕಣ್ಣು ತುಂಬಿತ್ತು, ಚಪ್ಪಾಳೆ ಎಲ್ಲರಿಗಿಂತ ಜೋರಾಗಿತ್ತು.

ಪರದೆಯ ಹಿಂದೆ ಕಿಶೋರಿ ಇರಾಳ ಸೀರೆಯ ತುದಿ ಹಿಡಿದು ನಿಲ್ಲಿಸಿದಳು. “ಯಾಕೆ ಹಾಗೆ ಹೇಳಿದೆ? ಆಜಿ ಸತ್ತಳು ಕಣೇ.”

“ಸರ್ ಬದಲಾಯಿಸಿದ್ರು. ಸತ್ರೆ ಜನ ನನ್ನ ಮುಖಕ್ಕೆ ಉಗೀತಾರೆ ಅಂದ್ರು. ಅಲ್ಲಿ ನಿಂತಿದ್ದು ನನ್ನ ಮುಖ ಅಲ್ವಾ?” ಇರಾ ಸೀರೆ ಬಿಡಿಸಿಕೊಂಡಳು. “ದೋಣಿಯವನಿಗೆ ಹೊಡೆದದ್ದೆಲ್ಲಾ ಏಳು ನಿಮಿಷಕ್ಕೆ ಹಿಡಿಸ್ತಿರಲಿಲ್ಲ. ಸಿಟ್ಟಾಗ್ಬೇಡ. ಫಲಕ ಸಖತ್ತಾಗಿದೆ, ಯಾರು ಮಾಡಿದ್ದು ಅಂತ ಎಲ್ರೂ ಕೇಳ್ತಿದ್ರು.”

ಕಾರ್ಯಕ್ರಮ ಮುಗಿದು, ಹೊರಗೆ ಅಂಗಳದಲ್ಲಿ ಚಹಾ, ಈರುಳ್ಳಿಯ ಕಾಂದಾಭಜಿ ಕೊಡುತ್ತಿದ್ದರು. ದತ್ತೋಬಾ ಕಾಗದದ ಲೋಟ ಹಿಡಿದು ಮರದಡಿ ನಿಂತಿದ್ದ. ಮಗಳನ್ನು ಕಂಡವನೇ, “ಛಲೋ ಹೇಳಿತು ನೋಡ ಆ ಹುಡುಗಿ,” ಎಂದ. “ಎದಿ ಒಡದಂಗಾತು ನನಗ. ಎಷ್ಟ್ ಧೈರ್ಯ. ಆ ಮುದುಕೀದು ನಸೀಬು ದೊಡ್ಡದು. ನಮ್ಮವ್ವಗ ಅಂಥಾ ದೋಣಿ ಸಿಗಲಿಲ್ಲ. ಸಿಕ್ಕಾಂವ ಆ ಭೋಯಿ ಸೂಳೀಮಗ.”

ಕಿಶೋರಿ ಅಲ್ಲೇ ಹೇಳಿದಳು. ತಗ್ಗಿದ ದನಿಯಲ್ಲಿ, ಭಜಿಯ ಸಾಲಿನಲ್ಲಿ ನಿಂತವರ ಗದ್ದಲದ ನಡುವೆ. “ಬಾಬಾ, ಅದು ನನ್ನ ಕಥಿ. ಭೋಯಿ ಕೇಳಿದ್ದ. ನಾನs ಇಲ್ಲ ಅಂದೆ. ದೋಣಿ ತಿರುಗಲಿಲ್ಲ.”

ಅವನು ಇನ್ನೊಮ್ಮೆ ಹೇಳಿಸಿದ. ಲೋಟವನ್ನು ಮರದ ಬುಡದಲ್ಲಿಟ್ಟ.

“ಅವ್ವ ಎಚ್ಚರಿದ್ಲೇನು ಆಗ?”

“ಹೂಂ.”

“ಏನಂದ್ಲು?”

“ಮಳಿ ಐತಿ, ಛತ್ರಿ ತಗೊಂಡ್ ಹೋಗು ಅಂದ್ಲು.”

ದತ್ತೋಬಾ ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಸ್ಕೂಟರಿನ ಹತ್ತಿರ ಹೋಗಿ, ಅವಳ ಕಡೆ ನೋಡದೆ, “ಹತ್ತು,” ಎಂದ.

ಮನೆಗೆಂದುಕೊಂಡಿದ್ದಳು. ಸ್ಕೂಟರು ನದಿಯ ಕಡೆಗೆ ಇಳಿದು ದೋಣಿ ನಡೆಸುವ ಭೋಯಿಗಳ ಓಣಿಗೆ ತಿರುಗಿತು. ಬಿಸಿಲು ಇನ್ನೂ ಇತ್ತು. ಸಖಾರಾಮ ಕೆರೆಗೆ ಹೊರಡಲು ಕೈಗಾಡಿಯ ಒಲೆಗೆ ಇದ್ದಿಲು ತುಂಬಿ ಬೀಸುತ್ತಿದ್ದ. ಹೌಸಾಬಾಯಿ ಕಟ್ಟೆಯ ಮೇಲೆ ಕೂತು ತೆನೆಯ ಸಿಪ್ಪೆ ಸುಲಿಯುತ್ತಿದ್ದಳು. ದತ್ತೋಬಾನನ್ನು ಕಂಡು ಇಬ್ಬರ ಕೈಯೂ ನಿಂತಿತು.

“ಹೇಳು,” ಎಂದ ದತ್ತೋಬಾ ಮಗಳಿಗೆ.

ಅವಳು ಸಖಾರಾಮನ ಪಾದ ನೋಡುತ್ತ ಹೇಳಿದಳು. “ನೀವು ಕೇಳಿದ್ರಿ ಕಾಕಾ. ನಾನs ಯಾರೂ ಇಲ್ಲ ಅಂದಿದ್ದೆ. ಆಮ್ಯಾಲ ಮನ್ಯಾಗ ಸುಳ್ಳ ಹೇಳಿದೆ.”

ಸಖಾರಾಮ ಮತ್ತೆ ಬೀಸಲು ತೊಡಗಿದ. “ಅದು ನನಗ ಗೊತ್ತs ಐತಲ್ಲ,” ಎಂದ. “ನನಗ್ಯಾಕ ಹೇಳ್ತಿ?”

ದತ್ತೋಬಾ ಕೈಮುಗಿಯಲು ಹೋದ. ಸಖಾರಾಮ ಅವನಿಗೆ ಬೆನ್ನು ಮಾಡಿ ಗಾಡಿಯ ಆ ಬದಿಗೆ ಹೋದ. ಹೌಸಾಬಾಯಿ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಒಳಗಿದ್ದ ಸೊಸೆಯನ್ನು ಕರೆದಳು. “ಓಣಿಯವರನ್ನ ಕರಕೊಂಡ್ ಬಾರs. ಯಾರ್‍ಯಾರು ಮನ್ಯಾಗದಾರ, ಎಲ್ಲಾರ್ನೂ.”

ಜನ ಬಂದರು. ಹೆಂಗಸರು, ಬಲೆ ಹೊಲಿಯುತ್ತಿದ್ದ ಮುದುಕರು, ಶಾಲೆಯ ಅಂಗಿಯಲ್ಲೇ ಇದ್ದ ಹುಡುಗಿಯರು.

“ಇನ್ನೊಮ್ಮೆ ಹೇಳವ್ವಾ,” ಎಂದಳು ಹೌಸಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಮೊದಲಿಂದ.”

ಕಿಶೋರಿ ಶುರು ಮಾಡಿದಳು. ಎರಡು ಮಾತಿಗೇ ದನಿ ಇಳಿಯಿತು. ಹಿಂದಿನಿಂದ ಯಾರೋ “ಕೇಳಿಸವಲ್ದು” ಎಂದರು.

ಹೌಸಾಬಾಯಿ ತೆನೆ ತುಂಬಿಡುವ ಮರದ ಪೆಟ್ಟಿಗೆಯನ್ನು ಬರಿದು ಮಾಡಿ, ಓಣಿಯ ನಡುವೆ ತಂದು ಬೋರಲು ಹಾಕಿದಳು. ಅಲುಗಾಡದಂತೆ ಅದರ ಒಂದು ಮೂಲೆಗೆ ಕಲ್ಲು ಕೊಟ್ಟಳು. “ಇದರ ಮ್ಯಾಲ ನಿಂದ್ರು. ನಾ ಹಿಡಕೊಂಡಿರ್ತೀನಿ.”

ಕಿಶೋರಿ ಅಪ್ಪನ ಕಡೆ ನೋಡಿದಳು. ಅವನು ಸ್ಕೂಟರಿನ ಪಕ್ಕ ತಲೆ ಬಗ್ಗಿಸಿ ನಿಂತಿದ್ದ. ಅವಳು ಪೆಟ್ಟಿಗೆ ಹತ್ತಿದಳು. ಬಾಯಿ ತೆರೆಯುವಷ್ಟರಲ್ಲಿ ಹೌಸಾಬಾಯಿ ಅವಳ ಲಂಗದ ಅಂಚು ಹಿಡಿದು ತಡೆದಳು.

“ತಡಿ,” ಎಂದಳು. “ಕೆಳಗಿನ ಓಣಿಯವರೂ ಬರಲಿ.”

ಕಿಶೋರಿ ಕಾದು ನಿಂತಳು. ಕೆಳಗಿನ ಓಣಿಯಿಂದ ಹೆಂಗಸರು ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಒಬ್ಬೊಬ್ಬರಾಗಿ ಏರು ಹತ್ತಿ ಬರುತ್ತಿದ್ದರು.