ಹಲಗಿಗೆ ಹಾಕಿದ ಸುದ್ದಿ

ನಾನು ಒಂದು ಹಲಗಿ. ಬರೆಯುವ ಹಲಗೆಯಲ್ಲ, ಬಡಿಯುವ ಹಲಗಿ. ನಮ್ಮ ಕಡೆ ಚರ್ಮದ ವಾದ್ಯಕ್ಕೆ ಈ ಹೆಸರು. ಮೈಸೂರು ಮಂಡ್ಯದ ಕಡೆಯವರು ಹಲಗೆ ಎಂದರೆ ಗೋಡೆಯ ಮೇಲಿನ ಕರಿ ಬೋರ್ಡು ಎಂದುಕೊಳ್ಳುತ್ತಾರಂತೆ. ಅದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಗೊತ್ತಾದ ದಿನ ಒಂದು ಹುಡುಗಿಯ ಓದು ಇನ್ನೇನು ನಿಂತೇ ಹೋಗುವುದರಲ್ಲಿತ್ತು.

ನಾನು ಹುಟ್ಟಿದ್ದು ಅಂಕಲಗುಡ್ಡದ ಕೆಳಗಿನ ಕೇರಿಯಲ್ಲಿ. ಹುಲಗಪ್ಪ ಎಂಬ ಮುದುಕ ಬೇವಿನ ಕಟ್ಟಿಗೆಯನ್ನು ಬಗ್ಗಿಸಿ ನನ್ನ ಬಳೆ ಮಾಡಿದ. ಕರುವಿನ ತೊಗಲನ್ನು ನೆನೆಸಿ, ಹದ ಮಾಡಿ, ಸುತ್ತಲೂ ಎಳೆದು ಬಿಗಿದ. ಒಣಗಿದ ಮೇಲೆ ಹುಲ್ಲು ಉರಿಸಿ ಕಾಯಿಸಿದ. ನನ್ನ ಜಾತಿಗೆ ಬೆಂಕಿ ತಾಕದಿದ್ದರೆ ದನಿ ಇಲ್ಲ. ಕಾಯಿಸದೆ ಬಡಿದರೆ ಒದ್ದೆ ಚೀಲ ಬಡಿದಂತೆ ಕೇಳುತ್ತೇನೆ. ಕಾದ ಮೇಲೆ ಮುದುಕ ಒಂದು ಸಲ ಬಡಿದು ನೋಡಿ ನಕ್ಕ. ನನ್ನನ್ನು ತನ್ನ ಮಗ ಯಮನೂರಪ್ಪನ ಹೆಗಲಿಗೆ ಹಾಕಿದ.

ಯಮನೂರಪ್ಪನ ಜೊತೆ ನಾನು ಊರೆಲ್ಲ ಸುತ್ತಿದೆ. ಕಂದಾಯ ಕಟ್ಟುವ ಸುದ್ದಿ, ಕೆರೆ ಹರಾಜಿನ ಸುದ್ದಿ, ದನದ ಡಾಕ್ಟರು ಬರುವ ಸುದ್ದಿ, ಎಲ್ಲ ನನ್ನ ಬೆನ್ನ ಮೇಲೆಯೇ ಹೋಗುತ್ತಿತ್ತು. ಊರಲ್ಲಿ ಯಾರಿಗಾದರೂ ಏನಾದರೂ ತಿಳಿಸಬೇಕಾದರೆ 'ಹಲಗಿಗೆ ಹಾಕು' ಎನ್ನುವುದೇ ವಾಡಿಕೆ. ಒಂದೊಂದು ಸುದ್ದಿಗೂ ಒಂದೊಂದು ಬಡಿತ. ಸಾವಿನ ಬಡಿತ ಬೇರೆ. ಅದು ಕೇಳಿಸಿದರೆ ಹೊಲದಲ್ಲಿ ಎತ್ತು ಹೂಡಿದವನೂ ನೊಗ ಇಳಿಸಿ ಬರುತ್ತಿದ್ದ. ಆ ಬಡಿತಕ್ಕೆ ಮೇಲಿನ ಓಣಿ, ಕೆಳಗಿನ ಕೇರಿ ಎಂಬ ಭೇದ ಇರಲಿಲ್ಲ.

ಉಳಿದದ್ದಕ್ಕೆಲ್ಲ ಭೇದ ಇತ್ತು. ಗೌಡರ ಕಟ್ಟೆಯ ಮುಂದೆ ಯಮನೂರಪ್ಪ ಚಪ್ಪಲಿ ಕಳಚಿ ನಿಂತು ಬಡಿಯಬೇಕಿತ್ತು. ಒಂದು ವರ್ಷ ಊರಿಗೆ ನಲ್ಲಿ ನೀರು ಬಂತು. ಎಲ್ಲರೂ ಬಂದು ತುಂಬಿಕೊಳ್ಳಿ ಎಂದು ನಾವಿಬ್ಬರೂ ಸಾರಿಕೊಂಡು ಬಂದೆವು. ಸಂಜೆ ಅವನ ಮಗಳು ಕೊಡ ಹಿಡಿದು ಹೋದರೆ, ಎಲ್ಲರದೂ ಆದ ಮೇಲೆ ಬಾ ಎಂದರು. ಅವತ್ತು ಕೇರಿಯ ಹಿರಿಯರು, ಹುಡುಗರು ಎಲ್ಲ ಕೂಡಿದರು. ಇನ್ನು ಮೇಲೆ ಊರಿನ ಹಲಗಿ ಹೊಡೆಯುವುದಿಲ್ಲ ಎಂದು ಮಾತು ಕೊಟ್ಟುಕೊಂಡರು. ಯಮನೂರಪ್ಪ ನನ್ನನ್ನು ಒಲೆಯ ಹಿಂದಿನ ಗೂಟಕ್ಕೆ ತೂಗುಹಾಕಿದ. ಗ್ರಾಮ ಪಂಚಾಯಿತಿಯವರು ಮೈಕು ಕಟ್ಟಿದ ಆಟೋ ತಂದರು. ಆದರೂ ಊರವರ ಬಾಯಲ್ಲಿ 'ಹಲಗಿಗೆ ಹಾಕು' ಎಂಬ ಮಾತು ಹಾಗೇ ಉಳಿಯಿತು.

ಗೂಟದ ಮೇಲಿಂದ ನಾನು ಹುಲಿಗೆವ್ವನನ್ನು ನೋಡುತ್ತಾ ಬಂದೆ. ಯಮನೂರಪ್ಪನ ಮಗಳು. ತಾಯಿ ಹೋದ ಮೇಲೆ ಗಂಡ ಹನಮಪ್ಪನ ಜೊತೆ ಅಪ್ಪನ ಮನೆಯಲ್ಲೇ ಇದ್ದಳು. ಹನಮಪ್ಪ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋದರೆ ಹಬ್ಬಕ್ಕೆ ಬರುವವನು. ಕೆಟ್ಟವನಲ್ಲ. ಮಗಳು ರೇಣುಕಾ ಊರ ಶಾಲೆಯಲ್ಲಿ ಏಳನೇ ಇಯತ್ತೆ ಓದುತ್ತಿದ್ದಳು. ಇಯತ್ತೆ ಎಂದರೆ ತರಗತಿ, ನಮ್ಮವರ ಬಾಯಲ್ಲಿ ಏಳನೇತ್ತ, ಎಂಟನೇತ್ತ. ಆ ಶಾಲೆ ಇದ್ದದ್ದೇ ಏಳರವರೆಗೆ. ಮುಂದಿನ ಶಾಲೆ ಹೆದ್ದಾರಿ ದಾಟಿ ಬಹಳ ದೂರ, ಆ ಕಡೆಗೆ ಬಸ್ಸೂ ಇಲ್ಲ. ದೀಪಾವಳಿಗೆ ಬಂದಾಗ ಹನಮಪ್ಪ ಊಟ ಮಾಡುತ್ತಾ ಹೇಳಿದ ಮಾತು ನನಗೆ ನೆನಪಿದೆ.

"ಊರಾಗ ಎಂಟನೇತ್ತ ಆತಂದ್ರ ಓದ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆಗಲಿಲ್ಲಂದ್ರ ಬ್ಯಾಸಿಗಿ ಸೂಟಿಗೆ ಬಂದು ಕರ್ಕೊಂಡು ಹೋಗ್ತೀನಿ. ಅಲ್ಲಿ ಸಾಹುಕಾರ್ರ ಮನ್ಯಾಗ ಕೂಸು ಆಡಸಾಕ ಹುಡುಗಿ ಬೇಕಾಗ್ಯಾಳ."

ಒಲೆಯ ಮುಂದೆ ಹುಲಿಗೆವ್ವ ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು.

ಅದೇ ವರ್ಷ ಶಾಲೆಗೆ ಹೊಸದಾಗಿ ದೊಡ್ಡ ಅಕ್ಕೋರು, ಅಂದರೆ ಮುಖ್ಯ ಶಿಕ್ಷಕಿ, ಬಂದಿದ್ದರು. ಹೆಸರು ಪಂಕಜಮ್ಮ, ಮಂಡ್ಯದ ಕಡೆಯವರು. ಎಂಟನೇ ಇಯತ್ತೆ ಬೇಕೆಂದು ಇಲಾಖೆಗೆ ಬರೆದು, ಓಡಾಡಿ, ಕಡೆಗೆ ಒಬ್ಬ ಸಾಹೇಬರು ಶನಿವಾರ ಊರಿಗೆ ಬರುವಂತೆ ಮಾಡಿದರು. ಸಾಹೇಬರ ಷರತ್ತು ಒಂದೇ. ಮಕ್ಕಳನ್ನು ಇಲ್ಲೇ ಓದಿಸುತ್ತೇವೆ ಎಂದು ಹೆತ್ತವರೇ ಬಂದು ಎದುರಿಗೆ ಹೇಳಬೇಕು.

ಇದನ್ನು ಊರಿಗೆ ತಿಳಿಸುವುದು ಹೇಗೆ ಎಂದು ಅಕ್ಕೋರು ಶಾಲಾ ಸಮಿತಿಯ ಅಧ್ಯಕ್ಷ ಈರನಗೌಡನನ್ನು ಕೇಳಿದರು. ಅವನು ಗಾಡಿಯ ಮೇಲಿಂದಲೇ, "ಹಲಗಿಗೆ ಹಾಕಿಸಿಬಿಡ್ರಿ ಅಕ್ಕೋರ, ಊರಿಗೆಲ್ಲ ಗೊತ್ತಾಗ್ತೈತಿ" ಎಂದು ಹೇಳಿ ಹೋದ. ಪಂಚಾಯಿತಿಗೆ ಹೇಳಿ ಮೈಕಿನ ಆಟೋ ತಿರುಗಿಸಿ ಎಂಬುದು ಅವನ ಅರ್ಥ. ಅಕ್ಕೋರು ಶಾಲೆಯ ಗೇಟಿನ ಪಕ್ಕದ ಕರಿ ಹಲಗೆಯನ್ನು ತಾವೇ ಒರೆಸಿ, ಮುತ್ತಿನಂಥ ಅಕ್ಷರದಲ್ಲಿ ಬರೆದರು: ಶನಿವಾರ ಪೋಷಕರ ಸಭೆ, ತಪ್ಪದೆ ಬನ್ನಿ. ಫೋನಿನ ಗುಂಪಿಗೂ ಹಾಕಿದರು. ಆ ಫೋನುಗಳೆಲ್ಲ ಗೋವಾದಲ್ಲಿ ಗಂಡಸರ ಜೇಬಿನಲ್ಲಿದ್ದವು. ಶಾಲೆಯ ಸುದ್ದಿ ಎಂದು ಅವರು ಬೆರಳಿನಿಂದ ಮೇಲೆ ಸರಿಸಿಬಿಟ್ಟರು.

ರೇಣುಕಾ ಮನೆಗೆ ಬಂದು ಮೀಟಿಂಗ್ ಇದೆ ಎಂದು ಹೇಳಿದ್ದಳು. ಬೇರೆ ಮಕ್ಕಳೂ ಹೇಳಿದ್ದರು. ಆದರೆ ಆ ಶಾಲೆಯ ಮೀಟಿಂಗು ಹೆಂಗಸರಿಗೆ ಗೊತ್ತಿದ್ದದ್ದೇ. ಹೋಗಿ ಕುಳಿತರೆ, ನಿಮ್ಮ ಹುಡುಗ ಓದುವುದಿಲ್ಲ, ನಿಮ್ಮ ಹುಡುಗಿ ತಲೆ ಬಾಚುವುದಿಲ್ಲ ಎಂದು ಬೈಸಿಕೊಂಡು, ಹೆಬ್ಬೆಟ್ಟು ಒತ್ತಿ ಬರುವುದು. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಕೂಲಿ ಬಿಟ್ಟು ಬೈಸಿಕೊಳ್ಳಲು ಯಾರು ಹೋಗುತ್ತಾರೆ?

ಶನಿವಾರ ಹುಲಿಗೆವ್ವ ಹೊಲಕ್ಕೆ ಹೋಗಿರಲಿಲ್ಲ. ಅಪ್ಪನಿಗೆ ಜ್ವರ ಬಂದಿತ್ತು, ಗಂಜಿ ಕಾಯಿಸುತ್ತಿದ್ದಳು. ರೇಣುಕಾ ಓಡಿ ಬಂದು ಬಾಗಿಲಿನಲ್ಲಿ ನಿಂತಳು. ಉಸಿರು ಸಿಗುತ್ತಿರಲಿಲ್ಲ.

"ಯವ್ವಾ, ಸಾಹೇಬ್ರು ಬಂದಾರ. ಎಂಟನೇತ್ತ ಕೊಡಬೇಕೋ ಬ್ಯಾಡೋ ಅಂತ ಕೇಳಾಕ ಬಂದಾರ. ಕುರ್ಚಿ ಎಲ್ಲಾ ಖಾಲಿ ಅದಾವ. ಊಟದ ಗಂಟಿ ಹೊಡಿಯೂತನಕ ನೋಡ್ತೀನಿ, ಆಮ್ಯಾಲ ಹೊಂಟೆ ಅಂದ್ರು. ದೊಡ್ಡಕ್ಕೋರು ಅಳಾಕ ಹತ್ತ್ಯಾರ."

ಹುಲಿಗೆವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದು ಓಣಿ ನೋಡಿದಳು. ನಾಯಿ ಬಿಟ್ಟರೆ ಯಾರೂ ಇಲ್ಲ. ಮೈಕಿನ ಆಟೋ ಯಾರದೋ ಮದುವೆಗೆಂದು ತಾಲೂಕಿಗೆ ಹೋಗಿತ್ತು. ಹೊಲಗಳು ಹಳ್ಳದ ಆಚೆಯವರೆಗೆ ಹರಡಿದ್ದವು. ಎಷ್ಟು ಓಡಿದರೂ ಒಬ್ಬಳ ಗಂಟಲು ಎಷ್ಟು ಹೊಲಕ್ಕೆ ಮುಟ್ಟೀತು?

ಅವಳು ಒಳಗೆ ಬಂದು ನನ್ನ ಕಡೆ ನೋಡಿದಳು. ಹಾಸಿಗೆಯಲ್ಲಿದ್ದ ಯಮನೂರಪ್ಪನಿಗೆ ಆ ನೋಟ ತಿಳಿಯಿತು.

"ಮುಟ್ಟಬ್ಯಾಡ ಅದನ್ನ," ಅಂದ. "ಕೇರ್ಯಾಗ ಮಾತು ಕೊಟ್ಟೀನಿ."

"ಮಾತು ಕೊಟ್ಟಾಂವ ನೀನು. ನಾ ಕೊಟ್ಟಿಲ್ಲ."

"ಊರ ಹಲಗಿ ಹೊಡಿಯಂಗಿಲ್ಲ ಅಂತ ಕೈಯಾಗ ಕೈ ಹಾಕೀನಲ್ಲವ್ವಾ. ನನ್ನ ಮಗಳು ಹೊಡದ್ಲಂದ್ರ ನಾ ಯಾರ ಮಾರಿ ನೋಡ್ಲಿ?"

"ಊರಿಂದಲ್ಲ ಯಪ್ಪಾ. ಇದು ನನ್ನ ಮಗಳದು. ನೀ ಹೊಡಿಯೂ ಮುಂದ ಗೌಡ್ರು ಹೇಳಿ ಕಳಿಸ್ತಿದ್ರು. ನನಗ ಯಾರು ಹೇಳಿ ಕಳಿಸ್ಯಾರ?"

ಮುದುಕ ಗೋಡೆಯ ಕಡೆಗೆ ಹೊರಳಿ ಮಲಗಿದ. ಅವಳು ಸ್ವಲ್ಪ ಹೊತ್ತು ನಿಂತಳು. ಆ ಹೊತ್ತು ನನಗೆ ಗೂಟದ ಮೇಲಿನ ಅಷ್ಟೂ ವರ್ಷಗಳಿಗಿಂತ ಉದ್ದವಾಗಿ ಕಂಡಿತು. ಆಮೇಲೆ ಅವಳ ಕೈ ಬಂತು.

ಗಂಜಿಯ ಪಾತ್ರೆ ಇಳಿಸಿ ಒಲೆಯ ಮೇಲೆ ನನ್ನನ್ನು ಹಿಡಿದಳು. ಅವಸರದ ಕೈ. ನಿಧಾನವಾಗಿ ತಿರುಗಿಸುತ್ತಾ ಕಾಯಿಸಬೇಕು, ಇವಳು ಒಂದೇ ಕಡೆ ಹಿಡಿದಳು. ನನ್ನ ತೊಗಲು ಮುದಿಯಾಗಿತ್ತು, ಹೊಗೆ ಕುಡಿದು ಒಣಗಿತ್ತು. ಒಂದು ಅಂಚಿನಲ್ಲಿ ಚುರ್ ಎಂದಿತು. ಬಾಯಿದ್ದರೆ ಸಾಕು ತಾಯಿ ಅನ್ನುತ್ತಿದ್ದೆ. ಬಾಯಿ ಅವಳ ಕೈಯಲ್ಲಿತ್ತು.

ಕೋಲು ಹಿಡಿದು ಹಳ್ಳದ ದಾರಿಗೆ ಓಡಿದಳು. ಊರಲ್ಲಿ ಹೆಂಗಸೊಬ್ಬಳು ಹಲಗಿ ಹೊಡೆದದ್ದನ್ನು ಯಾರೂ ಕಂಡಿರಲಿಲ್ಲ, ಅವಳಿಗೂ ಯಾರೂ ಕಲಿಸಿರಲಿಲ್ಲ. ಬದುವಿನ ಮೇಲೆ ನಿಂತು ಬಡಿದಳು. ಕೈಗೆ ಬಂದ ಬಡಿತ ಯಾವುದು ಎಂದು ಅವಳಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಅವಳ ತಾಯಿ ಹೋದ ದಿನ ಯಮನೂರಪ್ಪ ಅಳುತ್ತಾ ನನ್ನನ್ನು ಬಡಿದಿದ್ದ. ಅವಳ ಕೈಗೆ ಗೊತ್ತಿದ್ದದ್ದು ಅದೊಂದೇ.

ಸಾವಿನ ಬಡಿತ.

ಹೊಲದಲ್ಲಿ ಬಗ್ಗಿದ್ದ ಬೆನ್ನುಗಳು ಒಮ್ಮೆಗೇ ನೆಟ್ಟಗಾದವು. ಉಡಿಯಲ್ಲಿದ್ದ ಮೆಣಸಿನಕಾಯಿ ಅಲ್ಲೇ ಸುರಿದು ಹೆಂಗಸರು ಬದು ಹತ್ತಿದರು. ಆಚೆಯ ಹೊಲದವರೂ, ಅದರಾಚೆಯವರೂ ಓಡಿ ಬಂದರು. ಅಷ್ಟು ವರ್ಷ ಕೇಳದೆ ಇದ್ದ ಬಡಿತ ಕೇಳಿದರೆ ಯಾರಿಗೆ ಎದೆ ಒಡೆಯುವುದಿಲ್ಲ? ಮೇಲಿನ ಓಣಿಯ ಮುದುಕಿ ಗುರವ್ವ ಬರುವಾಗಲೇ ಸೆರಗು ಬಾಯಿಗಿಟ್ಟು ಅಳುತ್ತಾ ಬಂದಳು. ಯಮನೂರಪ್ಪನೇ ಹೋದನೆಂದು ಎಲ್ಲರೂ ತಿಳಿದರು. ಅವನಿಗೆ ಜ್ವರ ಇದ್ದದ್ದು ಗೊತ್ತಿತ್ತಲ್ಲ.

"ಯಾವಾಗ ಹೋದ್ನ?" ಎಂದು ಗುರವ್ವ ಕೇಳಿದಳು.

"ನಮ್ಮಪ್ಪ ಅದಾನ, ಯಾರೂ ಸತ್ತಿಲ್ಲ ಯಮ್ಮಾ," ಹುಲಿಗೆವ್ವ ಏದುಸಿರಿನಲ್ಲೇ ಅಂದಳು. "ಎಂಟನೇತ್ತ ಸಾಯಾಕ ಹತ್ತೈತಿ. ಸಾಹೇಬ್ರು ಸಾಲ್ಯಾಗ ಕುಂತಾರ. ನಾವು ಹೋಗಿ ಬೇಕು ಅಂತ ಅಂದ್ರ ಊರಾಗ ಎಂಟನೇತ್ತ ಆಗ್ತೈತಿ. ಗಂಟಿ ಹೊಡದ್ರು ಅಂದ್ರ ಅವರು ಹೋಗ್ತಾರ. ಹೋದ್ರು ಅಂದ್ರ ಮುಗೀತು."

ಹೊಲದ ಒಡತಿ ಶಿವಗಂಗವ್ವ ಸಿಟ್ಟಿನಿಂದ ಕೆಂಪಾಗಿದ್ದಳು. ಇದ್ದವರನ್ನು ಸತ್ತರೆಂದು ಬಡಿಯುವುದು ಯಾವ ಊರ ರೀತಿ, ನಿಮ್ಮಪ್ಪನ ಆಯುಷ್ಯ ನೀನೇ ತಿಂದೆ, ನನ್ನ ಕೆಲಸ ಕೆಡಿಸಿದೆ ಎಂದು ಒಂದೇ ಸಮನೆ ಬೈದಳು. ಹುಲಿಗೆವ್ವ ತಲೆ ಎತ್ತಲಿಲ್ಲ. ಇವರು ತಿರುಗಿ ಹೊಲಕ್ಕೆ ಇಳಿದರೆ ಮುಗಿಯಿತು ಎಂದುಕೊಂಡೆ. ಇಬ್ಬರು ಇಳಿದೂ ಬಿಟ್ಟರು.

ಆಗ ಗುರವ್ವ ಮೂಗು ಒರೆಸಿಕೊಂಡಳು. "ನಾ ಅತ್ತಿದ್ದು ದಂಡ ಆತಲ್ಲವಾ," ಅಂದಳು. "ಇಷ್ಟು ಅತ್ತೀನಿ, ಬರಿಗೈಲೇ ಹ್ಯಾಂಗ ಹೊಳ್ಳಿ ಹೋಗ್ಲಿ? ನಡ್ರಿ, ಆ ಸಾಹೇಬನ್ನರ ನೋಡೂಣು."

ಯಾರೋ ಕಿಸಕ್ಕನೆ ನಕ್ಕರು. ಗುರವ್ವನ ಮೊಮ್ಮಗಳೂ ಏಳನೇ ಇಯತ್ತೆಯಲ್ಲಿದ್ದಳು. ಮುದುಕಿ ಮುಂದೆ ನಡೆದಳು. ಇಳಿದಿದ್ದ ಇಬ್ಬರು ಮತ್ತೆ ಬದು ಹತ್ತಿದರು.

ದಾರಿಯುದ್ದಕ್ಕೂ ಹುಲಿಗೆವ್ವ ನನ್ನನ್ನು ಬಡಿಯುತ್ತಲೇ ಓಡಿದಳು. ಬೇರೆ ಬಡಿತ ಬಾರದು, ಅದನ್ನೇ ಬಡಿದಳು. ಓಣಿಯಲ್ಲಿ ಉಳಿದಿದ್ದವರೂ ಹೊರಬಿದ್ದು ಸೇರಿಕೊಂಡರು. ಕೇರಿಯ ಹಿರಿಯ ಒಬ್ಬ ಅಡ್ಡ ಬಂದು, ಯಾರ ಮಾತಿಗೆ ಹೊಡೆಯುತ್ತಿದ್ದೀಯ ಎಂದು ಗದರಿಸಿದ. ನಿಲ್ಲದೆ, ರೇಣುಕಾನ ಮಾತಿಗೆ ಎಂದಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಶಾಲೆಯ ಮೂಲೆ ಕಾಣಿಸುತ್ತಿದ್ದಂತೆ ಊಟದ ಗಂಟೆ ಹೊಡೆಯಿತು. ಗೇಟಿನಲ್ಲಿ ಸಾಹೇಬರ ಜೀಪು ಗುರುಗುಟ್ಟುತ್ತಿತ್ತು. ಅವಳು ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಡಿದಳು. ಒಲೆಯಲ್ಲಿ ಸುಟ್ಟಿದ್ದ ಅಂಚಿನಿಂದ ನಾನು ನಡುವಿನವರೆಗೆ ಸೀಳಿದೆ.

ಅದು ನನ್ನ ಕೊನೆಯ ದನಿ. ಜೀಪಿನೊಳಗಿನ ಸಾಹೇಬರಿಗೆ ಅದು ಕೇಳಿಸಿತು. ಇಳಿದರು.

ಆಮೇಲಿನದನ್ನು ನಾನು ಅವಳ ಕಂಕುಳಲ್ಲಿದ್ದು ನೋಡಿದೆ. ಕುರ್ಚಿಗಳು ಸಾಲಲಿಲ್ಲ, ಹೆಂಗಸರು ನೆಲದ ಮೇಲೆ ಕುಳಿತರು. ಮೆಣಸಿನಕಾಯಿಯ ಘಾಟಿಗೆ ಸಾಹೇಬರು ಸೀನಿದರು. ಏನು ಬೇಕು ಎಂದು ಕೇಳಿದರು. ಶಾಲೆಯಲ್ಲಿ ಇವರನ್ನು ಹಾಗೆ ಯಾರೂ ಕೇಳಿರಲಿಲ್ಲ. ಹುಲಿಗೆವ್ವ ಎದ್ದಳು. ಊರಲ್ಲಿ ಎಂಟನೇತ್ತ ಆಗದಿದ್ದರೆ ತನ್ನ ಮಗಳು ಯಾರದೋ ಕೂಸು ಆಡಿಸಲು ಹೋಗುತ್ತಾಳೆ ಎಂದಷ್ಟೇ ಹೇಳಿ ಕುಳಿತಳು. ಆಮೇಲೆ ಒಬ್ಬೊಬ್ಬರೇ ಎದ್ದರು. ಸಾಹೇಬರು ಮೇಲಕ್ಕೆ ಬರೆಯುತ್ತೇನೆ, ಆಗೇ ಆಗುತ್ತದೆ ಎನ್ನಲಾರೆ ಎಂದು ಹೇಳಿ ಹೋದರು.

ಈರನಗೌಡ ಸಂಜೆ ಬಂದು, ಹಲಗಿಗೆ ಹಾಕಿಸಿ ಅಂದರೆ ಹಾಕಿಸಲಿಲ್ಲವೇ ಎಂದು ಅಕ್ಕೋರನ್ನು ಕೇಳಿದನಂತೆ. ಹಾಕಿದ್ದೀನಲ್ಲ, ನೋಡಿ ಎಂದು ಅವರು ಗೇಟಿನ ಬೋರ್ಡು ತೋರಿಸಿದರಂತೆ. ಆ ಜಗಳದ ಕತೆಯನ್ನು ರೇಣುಕಾ ಮನೆಯಲ್ಲಿ ನಕ್ಕು ನಕ್ಕು ಹೇಳಿದಳು. ಹುಲಿಗೆವ್ವ ನಗಲಿಲ್ಲ. ಯಮನೂರಪ್ಪ ನನ್ನ ಸೀಳನ್ನು ಬೆರಳಿನಿಂದ ಸವರಿ, ನನ್ನನ್ನು ಮನೆಯ ಮೂಲೆಗೆ ಇಟ್ಟ. ಹೊಸ ತೊಗಲು ಹಾಕಲಿಲ್ಲ.

ಯುಗಾದಿ ಕಳೆಯಿತು, ಆದೇಶ ಬರಲಿಲ್ಲ. ಪರೀಕ್ಷೆ ಮುಗಿದು ಸೂಟಿ ಬಿತ್ತು, ಬರಲಿಲ್ಲ. ಹೇಳಿದ ಮಾತಿನಂತೆ ಹನಮಪ್ಪ ಗೋವಾದಿಂದ ಬಂದ. ಮಗಳ ಬಟ್ಟೆಗಳು ಒಂದು ಚೀಲಕ್ಕೆ ಇಳಿದವು. ಹುಲಿಗೆವ್ವ ಒಂದೊಂದನ್ನೂ ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ನಾಳೆ ಬಸ್ಸು ಎನ್ನುವ ಸಂಜೆ ಕೇರಿಯ ನಾಯಿಗಳು ಬೊಗಳಿದವು. ಬಾಗಿಲಿನಲ್ಲಿ ಪಂಕಜಮ್ಮ ನಿಂತಿದ್ದರು. ನಮ್ಮ ಕೇರಿಗೆ ಶಾಲೆಯ ಅಕ್ಕೋರು ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಒಳಗೆ ಬಂದು ಚಾಪೆಯ ಮೇಲೆ ಕುಳಿತು ನೀರು ಕೇಳಿದರು, ಕುಡಿದರು.

"ಆರ್ಡರು ಬಂತು ಕಣಮ್ಮ," ಅಂದರು. "ಬೋರ್ಡ್ ಮೇಲೆ ಬರೀಲಿಲ್ಲ. ಮೊದಲು ನಿಮ್ಮನೇಗೆ ಬಂದು ಹೇಳೋಣ ಅಂತ ಬಂದೆ. ಇನ್ನೂ ಎಲ್ಲರ ಮನೇಗೂ ಹೋಗಬೇಕು, ನನಗೆ ಓಣಿ ಗೊತ್ತಿಲ್ಲ. ಜೊತೇಲಿ ಬರ್ತೀಯಾ?"

ಹುಲಿಗೆವ್ವ ಗಂಡನ ಕಡೆ ನೋಡಿದಳು. ಹನಮಪ್ಪ ಚೀಲದ ಕಡೆ ನೋಡಿದ. ನಾನು ಮೂಲೆಯಲ್ಲಿ ಕಾದೆ.

"ಹೋಗಿ ಬಾ," ಅಂದ ಅವನು. "ಬಡಿಯಾಕ ಏನೂ ಒಯ್ಯಬ್ಯಾಡ ಮತ್ತ. ಮಾವ ಸತ್ತ ಅಂತ ಫೋನ್ ಬಂದು, ಗೋವಾದಾಗ ಕೆಲಸಕ್ಕ ಇದ್ದ ನಮ್ಮೂರ ಮಂದೀನೂ ಅತ್ತು ಕುಂತಿದ್ರು ಅವತ್ತ."

ಮರುದಿನ ಅವನು ಒಬ್ಬನೇ ಬಸ್ಸು ಹತ್ತಿದ.

ಈಗ ನಾನು ಮುದಿಯಾಗಿದ್ದೇನೆ. ನನ್ನ ಸೀಳಿನಲ್ಲಿ ಜೇಡ ಮನೆ ಮಾಡಿದೆ. ಶಾಲೆಯಲ್ಲಿ ಮೀಟಿಂಗು ಇದ್ದಾಗ ಗುರವ್ವ ಬಾಗಿಲಿನಲ್ಲಿ ನಿಂತು ಹುಲಿಗೆವ್ವನನ್ನು ಕೂಗುತ್ತಾಳೆ, ಇಬ್ಬರೂ ಓಣಿಯವರನ್ನೆಲ್ಲ ಎಬ್ಬಿಸಿಕೊಂಡು ಹೋಗುತ್ತಾರೆ. ಬೆಳಗಿನ ಜಾವ ರೇಣುಕಾ ನನ್ನ ಪಕ್ಕದಲ್ಲೇ ಕುಳಿತು ಗಟ್ಟಿಯಾಗಿ ಓದುತ್ತಾಳೆ. ಅವಳು ಓದುವುದು ನನಗೆ ತಿಳಿಯುವುದಿಲ್ಲ. ಇಷ್ಟು ವರ್ಷ ಕಂಡವರ ಸುದ್ದಿಯನ್ನೆಲ್ಲ ನಾನೇ ಕೂಗಿ ಹೇಳಿದೆ, ಎಲ್ಲರೂ ಕೇಳಿದರು. ಈಗ ನನ್ನ ಸರದಿ, ಸುಮ್ಮನೆ ಕೇಳುತ್ತಾ ಕೂತಿದ್ದೇನೆ.